ಹುಲ್ಲಿನ ಮಿಷನ್ನಿಗೆ ಹುಣಸೆಹಣ್ಣಿನ ಸ್ನಾನ

ನಮ್ಮ ಅತ್ತೆ ಏನನ್ನೇ ಪರೀಕ್ಷಿಸಲಿ, ಎಡಗಣ್ಣನ್ನು ಗಟ್ಟಿಯಾಗಿ ಮುಚ್ಚುತ್ತಿದ್ದರು. ಆಗ ಕೆನ್ನೆ ಮೇಲಕ್ಕೇರಿ, ಮೂಗುತಿ ಓರೆಯಾಗಿ, ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತಿತ್ತು. ಸೂಜಿಗೆ ದಾರ ಪೋಣಿಸುವಾಗ ಅದೇ ಮುಖ, ತರಕಾರಿಯವನ ತಕ್ಕಡಿ ನೋಡುವಾಗಲೂ ಅದೇ ಮುಖ. ಮದುವೆಯಾಗಿ ಮೈಸೂರಿನಿಂದ ಹೈದರಾಬಾದಿಗೆ ಬಂದ ದಿನ ಹೊಸ್ತಿಲಲ್ಲಿ ನನ್ನನ್ನೂ ಹಾಗೆಯೇ ಒಂಟಿಗಣ್ಣಿನಲ್ಲಿ ನೋಡಿದರು. ಪಾಸಾದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ನನಗೆಂದೂ ಬರಲಿಲ್ಲ.

ಬೀದರ್ ಕಡೆಯವರು. ಕನ್ನಡ, ಉರ್ದು, ತೆಲುಗು ಮೂರನ್ನೂ ಒಂದೇ ದನಿಯಲ್ಲಿ, ಅಂದರೆ ಬೀದಿಯ ಆ ತುದಿಗೆ ಕೇಳಿಸುವ ದನಿಯಲ್ಲಿ, ಮಾತಾಡುತ್ತಿದ್ದರು. ಲೋಕದ ಸಕಲ ರೋಗಕ್ಕೂ ಅವರು ಹೇಳುವ ಕಾರಣ ಒಂದೇ: "ಎಲ್ಲೋ ಉಸಿರ ಕಟ್ಟೈತಿ ನೋಡು." ಮಿಕ್ಸಿ ನಿಂತರೂ ಅದೇ, ನಲ್ಲಿ ಸೊರಗಿದರೂ ಅದೇ. ಹೊಸದರಲ್ಲಿ ಯಾರ ಪರಿಚಯವೂ ಇಲ್ಲದೆ ನಾನು ರೂಮಿನಲ್ಲಿ ಮುಖ ಸಪ್ಪಗೆ ಮಾಡಿಕೊಂಡು ಕುಳಿತಿದ್ದಾಗಲೂ ಅದೇ ಮಾತು. "ಉಸಿರ ಕಟ್ಟೈತಿ ನಿನಗ. ಏಳವಾ, ಪಾರ್ಕಿಗೆ ಹೋಗೂಣು," ಎಂದು ಎಳೆದುಕೊಂಡೇ ಹೋದರು.

ಪಾರ್ಕ್ ಅಂದರೆ ಮೆಹದಿಪಟ್ಟಣಂನ ನಮ್ಮ ಕಾಲೋನಿಯ ನಡುವೆ ಒಂದು ಬೇವಿನ ಮರ, ಅದರ ಸುತ್ತ ಒಂದಿಷ್ಟು ಹುಲ್ಲು. ಮಂಡಿನೋವಿನಿಂದ ಅತ್ತೆಗೆ ಯಾರ ಮನೆಯ ಮೆಟ್ಟಿಲನ್ನೂ ಹತ್ತಲಾಗುತ್ತಿರಲಿಲ್ಲ. ಸಂಜೆ ಆ ಹುಲ್ಲಿನ ಮೇಲೆ ಕಾಲು ಚಾಚಿ ಕೂರುವುದೊಂದೇ ಅವರಿಗಿದ್ದ ತಿರುಗಾಟ. ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ ಎದುರುಮನೆಯಾಕೆ, ಅಕ್ಕಪಕ್ಕದ ತೆಲುಗು ಹೆಂಗಸರು, ಎಲ್ಲರೂ ಅವರನ್ನು ನೋಡಲು ಅಲ್ಲಿಗೇ ಬರುತ್ತಿದ್ದರು.

ಒಂದು ಮಳೆಗಾಲ ಆ ಹುಲ್ಲು ಮೊಣಕಾಲಿನವರೆಗೆ ಬೆಳೆಯಿತು. ಬೇಸಿಗೆಯೆಲ್ಲ ಶೆಡ್ಡಿನಲ್ಲಿ ಬಿದ್ದಿದ್ದ ಹುಲ್ಲು ಕತ್ತರಿಸುವ ಪೆಟ್ರೋಲ್ ಮಿಷನ್, ಹಗ್ಗ ಎಷ್ಟು ಎಳೆದರೂ ಕೊಂಚ ಕೆಮ್ಮಿ ಸುಮ್ಮನಾಗುತ್ತಿತ್ತು. ಮೆಕ್ಯಾನಿಕ್ ಬಂದು ನೋಡಿ, ಕಾರ್ಬ್ಯುರೇಟರ್ ಹೋಗಿದೆ, ಈ ಮಾಡಲಿನದು ಈಗ ಸಿಗುವುದಿಲ್ಲ ಎಂದು ಕೈ ತೊಳೆದುಕೊಂಡ. ಹುಲ್ಲಿನಲ್ಲಿ ಹಾವು ಕಂಡಿತೆಂದು ಯಾರೋ ಸುದ್ದಿ ಹಬ್ಬಿಸಿದರು. ಕಾಲೋನಿಯ ಅಧ್ಯಕ್ಷರಿಗೆ ಅಷ್ಟೇ ಸಾಕಾಯಿತು. ಹುಲ್ಲು ಕಿತ್ತು, ಟೈಲ್ಸ್ ಹಾಕಿ, ಕಾರು ನಿಲ್ಲಿಸುವ ಜಾಗ ಮಾಡೋಣ, ಭಾನುವಾರ ಸಂಜೆಯ ಮೀಟಿಂಗಿನಲ್ಲಿ ತೀರ್ಮಾನ ಎಂದುಬಿಟ್ಟರು.

"ಮಿಷನ್ ಪೋಯಿಂದಮ್ಮಾ, ಏಂ ಚೇಸ್ತಾಂ?" ಎಂದು ಅವರು, ಹೋದ ಮಿಷನ್ನಿಗೆ ಏನು ಮಾಡುವುದು ಎಂಬಂತೆ, ಅತ್ತೆಗೆ ಸಮಾಧಾನ ಬೇರೆ ಹೇಳಿದರು.

"ಮಿಷನ್ ಎಲ್ಲೂ ಹೋಗಿಲ್ಲ," ಎಂದು ಅತ್ತೆ ಮನೆಗೆ ಬಂದು ನನ್ನ ಮುಂದೆ ಸಿಡುಕಿದರು. "ಎಲ್ಲೋ ಉಸಿರ ಕಟ್ಟೈತಿ. ಇನ್ನ ನಾ ಎಲ್ಲಿ ಕುಂದರ್ಲಿ ಹೇಳು, ಕಾರಿನ ನಡುವ?"

ನಗುತ್ತಲೇ ಅಂದರು, ಆದರೆ ಅವತ್ತು ಊಟ ಬಿಟ್ಟರು. ಊಟ ಬಿಡುವ ಪೈಕಿ ಅಲ್ಲವೇ ಅಲ್ಲ ಅವರು.

ಭಾನುವಾರ ಬೆಳಿಗ್ಗೆ ಅತ್ತೆ ಪಾರ್ಕಿನ ಮಾಲಿಗೆ ಹೇಳಿ ಮಿಷನ್ನನ್ನು ನಮ್ಮ ಅಂಗಳಕ್ಕೆ ತರಿಸಿದರು. ನಾನು ಫೋನಿನಲ್ಲಿ ಮಿಷನ್ ರಿಪೇರಿಯ ವಿಡಿಯೊ ಹಚ್ಚಿಕೊಂಡು ಕುಳಿತೆ. ಹಳೆಯ ಪೆಟ್ರೋಲ್ ಜಿಡ್ಡುಗಟ್ಟಿ ಕಾರ್ಬ್ಯುರೇಟರಿನ ಸಣ್ಣ ತೂತು ಮುಚ್ಚಿಹೋಗುತ್ತದೆ ಎಂದು ಅದರಲ್ಲಿ ಹೇಳುತ್ತಿದ್ದರು. ಮಾಲಿ ಪೆಟ್ರೋಲೆಲ್ಲ ಖಾಲಿ ಮಾಡಿ, ಕಾರ್ಬ್ಯುರೇಟರಿನ ಕೆಳಗಿನ ಪುಟ್ಟ ಬಟ್ಟಲನ್ನು ಬಿಚ್ಚಿದ. ಒಳಗಿನಿಂದ ಒಂದು ಹಿತ್ತಾಳೆಯ ತಿರುಪು ಬಂತು, ಅದರ ನಡುವೆ ಕೂದಲೆಳೆಯಷ್ಟು ತೂತು. ಅತ್ತೆ ಅದನ್ನು ಬಿಸಿಲಿಗೆ ಹಿಡಿದು ಎಡಗಣ್ಣು ಮುಚ್ಚಿದರು.

"ಅಯ್ಯ, ಇದು ನಮ್ಮ ಪಂಪ್ ಸ್ಟೋವಿನ ನಿಪ್ಪಲ್ ಇದ್ದಂಗ ಐತಲ್ಲ! ಬೆಳಕ ಕಾಣವಲ್ದು. ಕಸಾ ಕುಂತೈತಿ."

"ಪಿನ್ನಲ್ಲಿ ಚುಚ್ಚೋಣ್ವಾ ಅತ್ತೆ?"

"ಚುಚ್ಚಿ ತೂತ ದೊಡ್ಡದ ಮಾಡಿದ್ರ ಮುಗೀತು ಕತಿ. ಹಳೀ ವಯರ್ ತಾ, ಅದರಾಗಿನ ಒಂದ ಎಳಿ ಸಾಕು."

"ವಿಡಿಯೊದಲ್ಲೂ ಹಾಗೇ ಹೇಳ್ತಿದ್ದಾರೆ."

"ಹಂಗಾರ ಅವರೂ ಸ್ಟೋ ಹಚ್ಚಿದವರ ಇರಬೇಕು ತಗೋ!"

ತಾಮ್ರದ ಎಳೆ ಹೋಗಿ ಬಂತು. ತೂತಿನಲ್ಲಿ ಬೆಳಕು ಕಂಡಿತು. ಅಲ್ಲಿಗೇ ಬಿಟ್ಟಿದ್ದರೆ ಕೆಲಸ ಮುಗಿದಿತ್ತು. ಆದರೆ ಹಿತ್ತಾಳೆ ಕಂಡ ಮೇಲೆ ನಮ್ಮ ಅತ್ತೆಯ ಕೈ ಸುಮ್ಮನಿರಬೇಕಲ್ಲ! ನಾನು ಚಹಾ ಮಾಡಿಕೊಂಡು ಬರುವಷ್ಟರಲ್ಲಿ ತಿರುಪು, ಬಟ್ಟಲು ಎಲ್ಲವನ್ನೂ ಹುಣಸೆಹಣ್ಣು ಹಾಕಿ, ದೇವರ ಸಾಮಾನಿನಂತೆ ತಿಕ್ಕಿ ತೊಳೆದಿದ್ದರು. ಫಳಫಳ ಹೊಳೆಯುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಜೋಡಿಸಿ, ಹೊಸ ಪೆಟ್ರೋಲ್ ಹಾಕಿ, ಮಾಲಿ ಹಗ್ಗ ಎಳೆದ. ಈ ಸಲ ಮಿಷನ್ ಕೆಮ್ಮಲೂ ಇಲ್ಲ.

ಅತ್ತೆಯ ಮುಖ ಸಣ್ಣಗಾಯಿತು. ಮಾಲಿ ಮತ್ತೆ ಬಟ್ಟಲು ಬಿಚ್ಚಿದ. ಗಲಾಟೆ ಕೇಳಿ ಬಂದಿದ್ದ ಖಾಲಾ ಅದರೊಳಗೆ ಇಣುಕಿ, "ಇಸ್ ಮೇ ಪಾನೀ ಹೈ ಬಾಯಿ! ಪೆಟ್ರೋಲ್ ಕಾ ಸಾರು ಬನಾರೇ ಕ್ಯಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ತೊಳೆದ ಹುಣಸೆ ನೀರು ಒಳಗೇ ಉಳಿದು, ನಿಜಕ್ಕೂ ಪೆಟ್ರೋಲಿನ ಸಾರೇ ಆಗಿತ್ತು.

"ನಂದ ತಪ್ಪ. ಭಾಳ ಕೆಟ್ಟ ಐತಿ ಈ ತಿಕ್ಕೂ ಚಟಾ," ಎಂದು ಅತ್ತೆ ಒಪ್ಪಿಕೊಂಡರು, ಅದನ್ನೂ ಇಡೀ ಬೀದಿಗೆ ಕೇಳಿಸುವಂತೆ. ಅದೃಷ್ಟಕ್ಕೆ ಅವತ್ತು ಮಳೆ ಬಿಡುವು ಕೊಟ್ಟಿತ್ತು. ಎಲ್ಲವನ್ನೂ ಒರೆಸಿ, ಸಂಡಿಗೆ ಹರವುವಂತೆ ಮೊರದಲ್ಲಿ ಹರವಿ ಬಿಸಿಲಿಗಿಟ್ಟೆವು. ಕಾಗೆ ಬಂದು ತಿರುಪು ಕಚ್ಚಿಕೊಂಡು ಹೋಗದಂತೆ ಖಾಲಾ ಕಾವಲು ಕುಳಿತರು. ಒಣಗಿದ ಮೇಲೆ ಮಾಲಿ ಎಲ್ಲ ಜೋಡಿಸಿ, ಮಿಷನ್ನನ್ನು ಪಾರ್ಕಿಗೆ ತಳ್ಳಿಕೊಂಡು ಹೋದ.

ಸಂಜೆ ಬೇವಿನ ಮರದ ಕೆಳಗೆ ಮೀಟಿಂಗಿಗೆ ಕುರ್ಚಿ ಹಾಕಿದ್ದರು. ಅಧ್ಯಕ್ಷರು ಎದ್ದು ನಿಂತು ಟೈಲ್ಸಿನ ಮಾತೆತ್ತುವುದಕ್ಕೂ ಮಾಲಿ ಹಗ್ಗ ಎಳೆಯುವುದಕ್ಕೂ ಸರಿಹೋಯಿತು. ಮಿಷನ್ ಹೊಗೆ ಉಗುಳಿ, ತಡವರಿಸಿ, ಆಮೇಲೆ ಭರ್ರೆಂದು ಶುರುವಾಯಿತು. ಅತ್ತೆ ಚಪ್ಪಾಳೆ ತಟ್ಟಿದರು. ಅಧ್ಯಕ್ಷರ ತುಟಿ ಆಡುತ್ತಿತ್ತು, ಮಾತು ಮಾತ್ರ ಯಾರ ಕಿವಿಗೂ ಬೀಳಲಿಲ್ಲ. ನಿಲ್ಲಿಸು ಎಂದು ಅವರು ಕೈಸನ್ನೆ ಮಾಡಿದರು. ಮಾಲಿ ಅತ್ತೆಯ ಮುಖ ನೋಡಿದ.

"ಆಪೊದ್ದು!" ಎಂದು ಅತ್ತೆ ಕೂಗಿದರು. ನಿಲ್ಲಿಸಬೇಡ ಎಂದು. ಒಮ್ಮೆ ನಿಲ್ಲಿಸಿದರೆ ಮಿಷನ್ ಮತ್ತೆ ಶುರುವಾಗುವುದಿಲ್ಲ, ಮೀಟಿಂಗ್ ನಾಳೆ ಇಟ್ಟುಕೊಳ್ಳಿ ಎಂದು ಅಧ್ಯಕ್ಷರಿಗೂ ತೆಲುಗಿನಲ್ಲಿ ಕೂಗಿ ಹೇಳಿದರು. ಅದು ಅಪ್ಪಟ ಸುಳ್ಳು. ಹೇಳಿ, ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದರು.

ಕತ್ತಲಾಗುವಷ್ಟರಲ್ಲಿ ಹುಲ್ಲು ಓರಣವಾಗಿತ್ತು. ಆ ಹಸಿ ವಾಸನೆಗೆ ಜನ ಒಬ್ಬೊಬ್ಬರಾಗಿ ಕುರ್ಚಿ ಬಿಟ್ಟು, ಚಪ್ಪಲಿ ಕಳಚಿ, ಹುಲ್ಲಿನ ಮೇಲೆ ಓಡಾಡತೊಡಗಿದರು. ಅಧ್ಯಕ್ಷರೂ ಓಡಾಡಿದರು. ಟೈಲ್ಸಿನ ಮಾತು ಮತ್ತೆ ಬರಲಿಲ್ಲ.

ಹೋದ ಚಳಿಗಾಲದಲ್ಲಿ ಅತ್ತೆ ನಿದ್ದೆಯಲ್ಲೇ ತೀರಿಕೊಂಡರು. ಬೆಳಿಗ್ಗೆ ಬಂದ ಜನಕ್ಕೆ ಮನೆಯಲ್ಲಿ ಜಾಗ ಸಾಲದೆ ಹೆಂಗಸರೆಲ್ಲ ಹೋಗಿ ಪಾರ್ಕಿನ ಹುಲ್ಲಿನ ಮೇಲೆ ಕುಳಿತರು, ನನ್ನನ್ನೂ ನಡುವೆ ಕೂರಿಸಿಕೊಂಡರು. ನಮ್ಮ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಯಾವತ್ತು ಯಾರ ಮನೆಯಿಂದ ನಮಗೆ ಊಟ ಬರಬೇಕು ಎಂದು ಅವರವರಲ್ಲೇ ಪಿಸುಮಾತಿನಲ್ಲಿ ಶುರುವಾದದ್ದು ಜಗಳಕ್ಕೇ ತಿರುಗಿತು. ಚಹಾ ಮಾತ್ರ ತಮ್ಮ ಮನೆಯದೇ ಎಂದು ಖಾಲಾ ಅಳುತ್ತಳುತ್ತಲೇ ಎಲ್ಲರ ಮೇಲೂ ರೇಗಿದರು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಒಳಗೆ ಮಲಗಿದ್ದರು, ನಾನು ಹೊರಗೆ ಅಷ್ಟು ಜನರ ನಡುವೆ ಅಳುತ್ತಾ ನಗುತ್ತಾ ಕುಳಿತಿದ್ದೆ.