ಹಿನ್ನೀರಿನಲ್ಲಿ ಕೆಂಪು ಬಟ್ಟೆ

ಆ ಭಾನುವಾರ ನಮ್ಮ ಓಣಿಗೆ ನಲ್ಲಿ ನೀರು ಬರುವ ಸರದಿ ಇತ್ತು. ಕೂಡ್ಲಿಗಿಯಲ್ಲಿ ಸಂಕ್ರಾಂತಿ ದಾಟಿತೆಂದರೆ ನೀರಿನ ಸರದಿಯ ದಿನ ನೀರು ತುಂಬಿ ಮುಗಿಯುವ ತನಕ ಮನೆಯ ಹೆಂಗಸರು ಬೇರೆ ಯಾವುದನ್ನೂ ಹಚ್ಚಿಕೊಳ್ಳುವುದಿಲ್ಲ. ಐದಕ್ಕೇ ಎದ್ದು ಬಾಗಿಲಿಗೆ ನೀರು ಹಾಕಿ, ಕೈಗೆ ಬಂದಷ್ಟು ರಂಗೋಲಿ ಎಳೆದು, ಪೈಪಿನ ಬಾಯಿಗೆ ಹಳೆಯ ಪಂಚೆಯ ತುಂಡು ಕಟ್ಟಿ ಡ್ರಮ್ಮಿಗೆ ಬಿಟ್ಟೆ. ಬಟ್ಟೆಯಲ್ಲಿ ಮೊದಲು ಕೆಂಪು ಮಣ್ಣು ನಿಲ್ಲುತ್ತದೆ, ಆಮೇಲೆ ಎಲೆಯ ಸಣ್ಣ ಸಣ್ಣ ಚೂರು. ಅದನ್ನು ನೋಡುತ್ತಾ ನಿಲ್ಲುವುದು ನನಗೆ ಅಭ್ಯಾಸ. ಒಂದು ಡ್ರಮ್ಮು, ಒಂದು ಹಂಡೆ, ನಾಲ್ಕು ಕೊಡ, ಎರಡು ಬಕೀಟು. ನನಗೆ ಗೊತ್ತಿದ್ದ ನೀರು ಅಷ್ಟೇ. ಅದಕ್ಕಿಂತ ಹೆಚ್ಚು ನೀರು ಒಂದೇ ಕಡೆ ನಿಂತದ್ದನ್ನು ಕಂಡರೆ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

ಚಿಕ್ಕಂದಿನಲ್ಲಿ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಇದ್ದು ಓದಿದವಳು ನಾನು. ಸಿಸ್ಟರುಗಳು ಕಸೂತಿ ಕಲಿಸಿದರು, ಪಿಯಾನೊ ಮುಂದೆ ನಿಂತು ಹಾಡಲು ಕಲಿಸಿದರು, ಚಮಚ ಸಪ್ಪಳ ಮಾಡದೆ ಉಣ್ಣಲು ಕಲಿಸಿದರು. ಈಜು ಮಾತ್ರ ಪಠ್ಯದಲ್ಲಿ ಇರಲಿಲ್ಲ. ನಮ್ಮ ಮನೆಯವರದು ಬೇರೆ ಕಥೆ. ಅವರು ಹೈಸ್ಕೂಲ್ ಮಾಸ್ತರರು, ಹುಟ್ಟಿದ್ದು ಕೊಟ್ಟೂರಿನ ಕಡೆ. ಎಂಟು ವರ್ಷದವರಿದ್ದಾಗ ಅವರ ಸೋದರಮಾವ ಸೊಂಟಕ್ಕೆ ಬೆಂಡು ಕಟ್ಟಿ ಹೊಲದ ಬಾವಿಗೆ ನೂಕಿದ್ದರಂತೆ. ಮೂರನೆಯ ದಿನ ಬೆಂಡು ಬಿಚ್ಚಿ ಒಗೆದರಂತೆ. ಹನ್ನೊಂದು ವರ್ಷದ ನಮ್ಮ ಮಗಳಿಗೂ ಈಜು ಕಲಿಸಬೇಕೆಂಬುದು ಅವರ ಬಹಳ ದಿನದ ಹಟ. ಈಗ ಬಾವಿಗಳು ಎಲ್ಲಿವೆ? ಇದ್ದವುಗಳಲ್ಲಿ ನೀರು ಎಲ್ಲಿದೆ?

ಅದಕ್ಕೇ ಅವರು ಡ್ಯಾಮಿನ ಹಿನ್ನೀರಿನ ದಾರಿ ಹುಡುಕಿದ್ದರು. ಹಗರಿಬೊಮ್ಮನಹಳ್ಳಿ ದಾಟಿ ಹೋದರೆ ದಂಡೆಯ ಮೇಲೊಂದು ಊರು. ಅಲ್ಲಿ ಮೀನು ಹಿಡಿಯುವವನೊಬ್ಬನ ಮಗ ಹಿಂದೆ ಇವರ ಕ್ಲಾಸಿನಲ್ಲಿದ್ದ. ಆ ಪರಿಚಯದ ಮೇಲೆ ಹುಡುಗನ ತಂದೆ ನಮ್ಮನ್ನು ದೋಣಿಯಲ್ಲಿ ಕರೆದೊಯ್ಯಲು ಒಪ್ಪಿದ್ದ.

"ಬೆಳಿಗ್ಗಿ ಹತ್ತಿದ್ರ ಸಂಜಿಮುಂದ ಇಳಿಯೋದು. ನಾಕು ನಡುಗಡ್ಡಿ ತೋರಸ್ತಾನ. ಚಲೋ ಜಾಗ ಕಂಡಲ್ಲಿ ನಿಲ್ಲಿಸಿ ಈಜೋದು," ಎಂದು ಇವರು ವಾರವೆಲ್ಲ ಹೇಳಿದ್ದೇ ಹೇಳಿದ್ದು.

"ನೀವು ಈಜ್ರಿ. ನಾನು ದೋಣ್ಯಾಗ ಕುಂತಿರ್ತೀನಿ," ಎಂದಿದ್ದೆ.

"ಕುಂದರು. ರೊಟ್ಟಿ ಗಂಟು ಕಾಯಾಕ ಒಬ್ಬರು ಬೇಕಲ್ಲ."

ದಂಡೆಗೆ ಮುಟ್ಟಿದಾಗ ಬಿಸಿಲು ಇನ್ನೂ ಎಳೆಯದಿತ್ತು. ನೀರು ಎಲ್ಲಿಯ ತನಕ ಇದೆ ಎಂದು ಕಣ್ಣಿಟ್ಟು ನೋಡಿದೆ. ಆಚೆ ದಂಡೆ ಸಿಗಲಿಲ್ಲ. ಮಧ್ಯೆ ಮಧ್ಯೆ ಗುಡ್ಡದ ನೆತ್ತಿಗಳು ಎದ್ದಿದ್ದವು, ಅವೇ ನಡುಗಡ್ಡೆಗಳು. ದೋಣಿಯವನು ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಮೋಟಾರು ಕೂಡಿಸಿದ ಫೈಬರ್ ದೋಣಿ, ಅದರ ಹಿಂದೆ ಹಗ್ಗದಲ್ಲಿ ಬುಟ್ಟಿಯ ಆಕಾರದ ಒಂದು ತೆಪ್ಪ. ಹೆಂಗಸರು ಇದ್ದರೆ ಅವರ ಕೈಯಿಂದ ಮೊದಲು ಪೂಜೆ ಆಗಬೇಕು ಎಂದ. ಒಂದು ಎಲೆಯಲ್ಲಿ ಅರಿಸಿನ, ಕುಂಕುಮ, ಸೇವಂತಿಗೆ, ಒಂದು ಬಾಳೆಹಣ್ಣು ಕೊಟ್ಟ. ದೋಣಿಯ ಮೂತಿಗೆ ಕುಂಕುಮ ಹಚ್ಚಿದೆ, ಗಂಗಮ್ಮನಿಗೆ ಎರಡು ಹೂ ಬಿಟ್ಟೆ. ಉಳಿದದ್ದನ್ನು ದಾರಿಯಲ್ಲಿ ಎಲ್ಲಿಯಾದರೂ ಬೇಕಾದೀತೆಂದು ಮಡಿಚಿ ಇಟ್ಟುಕೊಂಡೆ.

ತೇಲುವ ಜಾಕೆಟ್ಟುಗಳು ಎರಡೇ ಇದ್ದವು. ಒಂದು ಮಗಳಿಗೆ, ಒಂದು ನನಗೆ. ನನ್ನದರ ಒಂದು ಬಕ್ಕಲು ಮುರಿದು ಅಲ್ಲಿ ಲಾಡಿ ಪೋಣಿಸಿದ್ದರು. ಸೀರೆಯ ಮೇಲೆ ಅದನ್ನು ಬಿಗಿದುಕೊಂಡು ಕೂತಾಗ ಇವರು ನಕ್ಕರು.

"ಇನ್ನ ದೋಣಿ ದಂಡಿಗೇ ಐತಿ, ಮಾರಾಯ್ತಿ."

"ಇರಲಿ ಬಿಡ್ರಿ."

ದೋಣಿ ಹೊರಟಿತು. ನನ್ನ ಎರಡೂ ಕೈ ಹಲಗೆಯ ಅಂಚನ್ನು ಹಿಡಿದಿದ್ದವು. ಹಲಗೆಯ ಸೀಳಿನಲ್ಲಿ ಮೀನಿನ ಹುರುಪೆಗಳು ಅಂಟಿ ಒಣಗಿ ಮಿಣಮಿಣ ಎನ್ನುತ್ತಿದ್ದವು. ಅವನ್ನೇ ಎಣಿಸುತ್ತಾ ಹೋದೆ, ನೀರಿನ ಕಡೆ ನೋಡಬಾರದೆಂದು. ತುಟಿಯೊಳಗೆ ಏನೋ ಓಡುತ್ತಿತ್ತು. ಕೇಳಿಸಿಕೊಂಡರೆ ಸಿಸ್ಟರುಗಳು ಕಲಿಸಿದ ಮಾತೆ ಮರಿಯಳ ಪ್ರಾರ್ಥನೆ. ಮದುವೆಯಾಗಿ ಹದಿನಾಲ್ಕು ವರ್ಷ ಉಚ್ಚರಿಸದೆ ಇದ್ದದ್ದು ಒಂದು ಪದವೂ ತಪ್ಪದೆ ಬರುತ್ತಿತ್ತು.

ಮೊದಲ ನಡುಗಡ್ಡೆಯ ಬಂಡೆಗಳೆಲ್ಲ ಹಕ್ಕಿಗಳ ಹಿಕ್ಕೆಯಿಂದ ಸುಣ್ಣ ಬಳಿದಂತಿದ್ದವು. ಎರಡನೆಯದರ ಬದಿಯಲ್ಲಿ ಮೋಟಾರು ನಿಲ್ಲಿಸಿದಾಗ ತಂದೆ ಮಗಳು ನೀರಿಗೆ ಇಳಿದರು. ಇವರು ಅವಳ ಹೊಟ್ಟೆಯ ಕೆಳಗೆ ಕೈ ಕೊಟ್ಟು, "ಕಾಲು ಬಡಿ, ತಲಿ ಎತ್ತು, ಕಾಲು ಬಡಿ," ಎನ್ನುತ್ತಿದ್ದರು. ಅವಳನ್ನು ಬಿಟ್ಟು ಇವರ ಕೈ ಮೇಲೆ ಬಂದಾಗಲೆಲ್ಲ ನಾನು ಉಸಿರು ಹಿಡಿಯುತ್ತಿದ್ದೆ, ಮತ್ತೆ ಕೆಳಗೆ ಹೋದಾಗ ಬಿಡುತ್ತಿದ್ದೆ. ಅರ್ಧ ಗಂಟೆಗೆ ನನಗೇ ದಣಿವು ಹತ್ತಿತು.

ಮೂರನೆಯ ನಡುಗಡ್ಡೆಯಲ್ಲಿ ಊಟ. ಇದು ಗುಡ್ಡವಲ್ಲ, ಸಪಾಟಾದ ಎತ್ತರದ ನೆಲ. ಒಂದು ಬದಿಗೆ ಆಳ, ಇನ್ನೊಂದು ಬದಿಗೆ ನೀರು ಹಾಸಿದಂತೆ ತೆಳ್ಳಗೆ ಹೊಲದ ಮೇಲೆ ಹರಡಿತ್ತು. ಒಳಗೆ ಹಳೆಯ ಬದುಗಳ ಗೆರೆ ಕೂಡ ಕಾಣುತ್ತಿತ್ತು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ ಉಂಡೆವು. ನಾನು ಜಾಕೆಟ್ಟು ಬಿಚ್ಚದೆಯೇ ಉಂಡೆ. ಸೆಕೆ ಎಂದು ಮಗಳು ತನ್ನದನ್ನು ಬಿಚ್ಚಿ ದೋಣಿಯೊಳಗೆ ಇಟ್ಟಳು. ಒಣ ನೆಲದ ಮೇಲೆ ಯಾಕೆ ಬೇಕು ಎಂದು ನಾನೂ ಸುಮ್ಮನಾದೆ. ಉಂಡಾದ ಮೇಲೆ ದೋಣಿಯವನು ತೆಪ್ಪವನ್ನು ಬೋರಲು ಹಾಕಿ, ಒಂದು ಬದಿಗೆ ಕಲ್ಲು ಕೊಟ್ಟು, ಅದರ ನೆರಳಿಗೆ ತಲೆ ಇಟ್ಟು ಮಲಗಿದ. ಇವರು ಆಳದ ಬದಿಗೆ ಒಬ್ಬರೇ ಈಜಲು ಹೋದರು. ನಾನು ಮಗಳನ್ನು ತೆಳು ನೀರಿನ ಬದಿಗೆ ಕರೆದುಕೊಂಡು ಬಂದೆ. ಇಲ್ಲಿ ಆಡು, ಇಲ್ಲೇನೂ ಭಯವಿಲ್ಲ ಎಂದೆ. ಅದನ್ನು ನಾನೇ ಅಂದೆ.

ಇಪ್ಪತ್ತು ಇಪ್ಪತ್ತೈದು ಹೆಜ್ಜೆ ಆಚೆ ನೀರಿನಲ್ಲಿ ಒಂದು ಒಣ ಜಾಲಿಗಿಡ ನಿಂತಿತ್ತು, ಕವೆಯ ಹಾಗೆ ಎರಡು ಕೊಂಬೆ. ಅದಕ್ಕೆ ಕೆಂಪು ಬಟ್ಟೆ ಕಟ್ಟಿದ್ದರು. ನಮ್ಮ ಕಡೆ ಅದಕ್ಕೆ ಯಾರೂ ಅರ್ಥ ಹೇಳಿಕೊಡಬೇಕಿಲ್ಲ. ಕೊಟ್ಟೂರಿನ ದಾರಿಯಲ್ಲಿ, ಕಾನಹೊಸಹಳ್ಳಿಯ ದಾರಿಯಲ್ಲಿ, ಎಲ್ಲಿ ಗಿಡಕ್ಕೆ ಕೆಂಪೋ ಹಸಿರೋ ಬಟ್ಟೆ ಕಂಡರೂ ಬಸ್ಸಿನೊಳಗೆ ಕೂತವರೇ ಕೈ ಎದೆಗೆ ತಂದು ಮುಗಿಯುತ್ತಾರೆ. ಯಾವ ಅಮ್ಮ ಎಂದು ಕೇಳುವುದಿಲ್ಲ. ಯಾರೋ ಬೇಡಿಕೊಂಡಿದ್ದಾರೆ, ಅಲ್ಲಿ ಅಮ್ಮ ಇದ್ದಾಳೆ, ಮುಗಿಯಿತು. ಬೆಳಗಿನಿಂದ ಹೆದರಿದ್ದವಳಿಗೆ ಆ ಬಟ್ಟೆ ಕಂಡು ಜೀವಕ್ಕೆ ಸಮಾಧಾನವಾಯಿತು. ನೀರಿನ ನಡುವೆಯೂ ನಮ್ಮವರು ಯಾರೋ ಕೂತಿದ್ದಾರೆ ಅನ್ನಿಸಿತು. ಮಡಿಚಿಟ್ಟ ಎಲೆ ತೆಗೆದು ಮಗಳ ಕೈಗೆ ಕೊಟ್ಟೆ.

"ಹೋಗವ್ವ, ಆ ಗಿಡಕ್ಕ ಕುಂಕುಮ ಹಚ್ಚಿ, ಹೂವಿಟ್ಟು ಕೈಮುಗದು ಬಾ. ಸಂಜಿಮಟ ಸುಸೂತ್ರ ಆಗಲಿ ಅಂತ ಬೇಡ್ಕೋ."

ಅವಳು ಲಂಗ ಎತ್ತಿಕೊಂಡು ಹೊರಟಳು. ನೀರು ಮೊಣಕಾಲಿನ ಚಿಪ್ಪಿನ ತನಕ ಬಂತು, ಅಲ್ಲಿಂದ ಮೇಲೆ ಏರಲಿಲ್ಲ. ಎಲೆಯನ್ನು ಎರಡೂ ಕೈಯಲ್ಲಿ ಆರತಿ ತಟ್ಟೆಯ ಹಾಗೆ ಹಿಡಿದಿದ್ದಳು. ಗಿಡಕ್ಕೆ ಎರಡು ಹೆಜ್ಜೆ ಇತ್ತು. ಅವಳು ಇಲ್ಲವಾದಳು.

ಕೂಗಲಿಲ್ಲ, ಕೈ ಬಡಿಯಲಿಲ್ಲ. ನಿಂತಿದ್ದವಳು ನಿಂತ ಹಾಗೆಯೇ ಕೆಳಗೆ ಹೋದಳು. ನೀರು ಮುಚ್ಚಿಕೊಂಡಿತು. ಎಲೆ ಮೇಲೆ ತೇಲುತ್ತಿತ್ತು, ಬಾಳೆಹಣ್ಣು ಅದರ ಮೇಲೆ ಹಾಗೆಯೇ ಇತ್ತು.

ನಾನು ಓಡಿದೆನೋ ಬಿದ್ದೆನೋ ಹೇಳಲಾರೆ. ಸೀರೆ ಕಾಲಿಗೆ ಸುತ್ತಿಕೊಂಡದ್ದು ನೆನಪಿದೆ. ಪಾದದ ಕೆಳಗೆ ಹೊಲದ ಮಣ್ಣು ಮೆತ್ತಗಿತ್ತು. ಆಮೇಲೆ ಒಮ್ಮೆಲೇ ಕಲ್ಲು ಸಿಕ್ಕಿತು. ಕೆತ್ತಿದ ಕಲ್ಲು, ಸಾಲಾಗಿ ಜೋಡಿಸಿದ್ದು. ಮನುಷ್ಯರು ಕಟ್ಟಿದ್ದು ಎಂದು ಕಾಲ್ಬೆರಳಿಗೆ ಗೊತ್ತಾಯಿತು. ಅದರ ಅಂಚು ಗೊತ್ತಾಗುವಷ್ಟರಲ್ಲಿ ನನ್ನ ಕೆಳಗೂ ನೆಲವಿರಲಿಲ್ಲ. ಬಾವಿ. ಆ ಶಬ್ದ ಮನಸ್ಸಿಗೆ ಬಂದದ್ದು ಮೂಗಿನೊಳಗೆ ನೀರು ಹೋದ ಮೇಲೆ.

ಜಾಕೆಟ್ಟು ನನ್ನನ್ನು ಗದ್ದ ಹಿಡಿದು ಮೇಲಕ್ಕೆ ಎತ್ತಿತು. ಬೇಡವೆಂದರೂ ತೇಲಿಸಿತು. ಅವಳ ಜಾಕೆಟ್ಟು ದೋಣಿಯೊಳಗೆ, ನನ್ನದು ನನ್ನ ಮೈಮೇಲೆ. ಇದಕ್ಕಿಂತ ಕೆಟ್ಟ ವಿಚಾರ ನನ್ನ ಜೀವಮಾನದಲ್ಲಿ ನನಗೆ ಬಂದಿಲ್ಲ. ಕೆಳಗೆ ಬಗ್ಗಿ ಹುಡುಕಲು ಹೋದರೆ ಅದು ಬಗ್ಗಲು ಬಿಡದು. ಕಾಲಿನಿಂದ ನೀರನ್ನು ಕಲಕಿದೆ, ಕೂಗಿದೆ. ಆಗ ಕೆಳಗಿನಿಂದ ಯಾರೋ ನನ್ನ ಸೀರೆಯ ನೆರಿಗೆ ಎಳೆದರು. ಎಳೆದ ಕಡೆಗೆ ಕೈ ಹಾಕಿದೆ. ಜಡೆ ಸಿಕ್ಕಿತು. ಹಿಡಿದು ಎತ್ತಿದೆ. ಎಷ್ಟು ಜೋರಾಗಿ ಎಂದರೆ ಅವಳ ತಲೆಯ ಒಂದು ಕಡೆ ಆಮೇಲೆ ಎರಡು ದಿನ ಬಾತಿತ್ತು. ಅವಳು ಬಾಯಿ ತೆರೆದು ಗಾಳಿ ನುಂಗಿದಳು, ನನ್ನ ಜಾಕೆಟ್ಟಿನ ಲಾಡಿಯನ್ನು ಹಿಡಿದಳು. ಇಬ್ಬರೂ ಅದೊಂದರ ಮೇಲೆ ತೇಲುತ್ತಾ ಇದ್ದೆವು. ಅದು ಇಬ್ಬರನ್ನು ಹೊರುವುದಕ್ಕೆ ಮಾಡಿದ್ದಲ್ಲ. ನೀರು ನನ್ನ ಕೆಳತುಟಿಗೆ ಬರುತ್ತಿತ್ತು, ಹೋಗುತ್ತಿತ್ತು.

ನನ್ನ ಕೂಗಿಗೆ ಎದ್ದ ದೋಣಿಯವನು ತೆಪ್ಪ ತರಲು ಕೂಡ ನಿಲ್ಲಲಿಲ್ಲ. ಓಡಿ ಬಂದು ಬಾವಿಯ ಕಲ್ಲಿನ ಮೇಲೆ, ಎಲ್ಲಿ ನಿಲ್ಲಬೇಕೋ ಅಲ್ಲೇ ಸರಿಯಾಗಿ ನಿಂತು, ಹುಟ್ಟು ಚಾಚಿದ. "ಹಿಡಕೊಳ್ರಿ ಅಕ್ಕಾರ, ಕೂಸಿನ್ನ ಬಿಡಬ್ಯಾಡ್ರಿ," ಎಂದ. ಮೊದಲು ಮಗಳನ್ನು, ಆಮೇಲೆ ನನ್ನನ್ನು ಎಳೆದುಕೊಂಡ. ಎದ್ದು ನಿಂತರೆ ನೀರು ಮತ್ತೆ ಮೊಣಕಾಲಿಗೆ. ಅದೇ ಬಿಸಿಲು, ಅದೇ ತೆಳ್ಳನೆಯ ನೀರು.

"ಆ ಗಿಡದ ಕಡಿ ಯಾಕ ಹೋದ್ರಿ?" ಎಂದು ಕೇಳಿದ.

"ಅಮ್ಮಗ ಹೂವಿಡಾಕ."

ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ತಲೆಯ ಟವೆಲ್ಲು ತೆಗೆದು ಮುಖ ಒರೆಸಿಕೊಂಡ.

"ಅದು ಗಿಡ ಅಲ್ರಿ ಅಕ್ಕಾರ. ಜಾಲಿ ಬೊಡ್ಡಿ ತಂದು ನಾವಽ ನಟ್ಟೀವಿ. ಇಲ್ಲಿ ಬಾವಿ ಐತಿ, ಈ ಕಡಿ ಬರಬ್ಯಾಡ್ರಿ ಅಂತ ಅರಿವಿ ಕಟ್ಟೀವಿ. ಕೆಂಪಾದ್ರ ದೂರಕ್ಕ ಕಾಣ್ತೈತಿ. ಡ್ಯಾಂ ಕಟ್ಟಿದಾಗ ಹೊಲ ಮುಳುಗಿದ್ವು, ಬಾವಿ ಎಲ್ಲಿ ಹೊಕ್ಕಾವು? ಮೀನು ಹಿಡಿಯೋರಿಗೆಲ್ಲ ಗೊತ್ತೈತಿ. ನಿಮಗ ಹೇಳಬೇಕಿತ್ತು. ನಂದಽ ತಪ್ಪು."

ಅವನ ತಪ್ಪು ಎಂದು ನನಗೆ ಅನ್ನಿಸಲಿಲ್ಲ. ದೂರ ಇರು ಎಂದು ಅವರು ಕಟ್ಟಿದ್ದನ್ನು ಹತ್ತಿರ ಬಾ ಎಂದು ಓದಿದವಳು ನಾನು. ಮಗಳನ್ನು ಕಳಿಸಿದವಳೂ ನಾನು.

ಇವರು ಆಳದ ಬದಿಯಿಂದ ಈಜಿ ಬಂದಾಗ ಎಲ್ಲ ಮುಗಿದಿತ್ತು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ಒರೆಸಿದರು, ಒರೆಸುತ್ತಲೇ ಇದ್ದರು. ಬೆಂಡು, ಮಾವ, ಬಾವಿ ಯಾವ ಮಾತನ್ನೂ ಎತ್ತಲಿಲ್ಲ. ಅವಳು ಅಳಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ, ಶಾಲೆಯಲ್ಲಿ ಕಂಡದ್ದನ್ನು ಹೇಳುವ ದನಿಯಲ್ಲಿ, "ಅಮ್ಮಾ, ಒಳಗ ಮೆಟ್ಲಾ ಅದಾವ. ಒಂದರ ಮ್ಯಾಲೆ ಕಾಲು ಇಟ್ಟಿದ್ದೆ. ಅದರ ತಳಗ ಇನ್ನೊಂದು ಇತ್ತು," ಎಂದಳು.

ಆ ಮಾತು ಕೇಳಿ ನಾನು ದೋಣಿಯಿಂದ ಅವಳ ಜಾಕೆಟ್ಟು ತಂದು ಅವಳ ಮೈಗೆ ಬಿಗಿದೆ. ನಾಲ್ಕನೆಯ ನಡುಗಡ್ಡೆಗೆ ಹೋಗುವುದು ಬೇಡ ಎಂದೆ. ದೋಣಿಯವನು, ದಂಡೆಗೆ ಹೋಗುವ ದಾರಿ ಅದರ ಬದಿಗೇ ಇದೆ, ನಿಲ್ಲಿಸುವುದಿಲ್ಲ ಎಂದ. ಮಧ್ಯಾಹ್ನದ ಗಾಳಿ ಎದ್ದಿತ್ತು. ದೋಣಿಯ ಮೂತಿ ಏರಿ ಏರಿ ಬೀಳುತ್ತಿತ್ತು. ಈಗ ನಾನು ನೀರಿನಿಂದ ಕಣ್ಣು ತೆಗೆಯಲಿಲ್ಲ. ಎಲ್ಲಿ ನೋಡಿದರೂ ಒಂದೇ ಬಣ್ಣ. ಕೆಳಗೆ ಎಷ್ಟು ಹೊಲ, ಎಷ್ಟು ಮನೆಯ ಹಿತ್ತಲು, ಎಷ್ಟು ಬಾವಿ, ಮೇಲಿನಿಂದ ಏನೂ ಹೇಳುವಂತಿರಲಿಲ್ಲ. ಮಗಳ ಜಾಕೆಟ್ಟಿನ ಬಕ್ಕಲು ಹಾಕಿದ್ದೇನೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಮುಟ್ಟಿ ನೋಡಿದೆ. "ಹಾಕೀದಿ ಅಮ್ಮ, ಎಷ್ಟ ಸಲ ಮುಟ್ತಿ," ಎಂದು ಅವಳೇ ಬೇಸರ ಮಾಡಿಕೊಂಡಳು.

ದಂಡೆಗೆ ಇಳಿದು, ಬೆಳಿಗ್ಗೆ ಅಲ್ಲಿ ನಿಲ್ಲಿಸಿದ್ದ ಕಾರು ಹತ್ತಿದ ಮೇಲೆ ಇವರು ಮೆಲ್ಲಗೆ ಅಂದರು:

"ಇದನ್ನ ಓಣ್ಯಾಗ ಯಾರ ಮುಂದೂ ಹೇಳಬ್ಯಾಡ. ಮಾಸ್ತರ ಮಗಳನ್ನ ಬಾವಿಗಿ ಹಾಕ್ಕೊಂಡು ಬಂದ ಅಂತಾರ."

"ಹಾಕಿದ್ದು ನಾನು."

"ಯಾರಽ ಆಗಲಿ. ಹೇಳಬ್ಯಾಡ."

ಮನೆಗೆ ಬಂದು ಮಗಳಿಗೆ ಬಿಸಿನೀರು ಹಾಕಿದೆ. ತಂಬಿಗೆಯ ನೀರು ಅವಳ ತಲೆಯ ಮೇಲಿಂದ ಮುಖಕ್ಕೆ ಇಳಿದಾಗ ಅವಳು ಒಮ್ಮೆ ನನ್ನ ಕೈ ಹಿಡಿದಳು. ಆಮೇಲೆ ಬಿಟ್ಟಳು.

ದೀಪ ಹಚ್ಚುವ ಹೊತ್ತಿಗೆ ಎದುರುಮನೆಯ ಹಿರಿಯಕ್ಕ ಹೆಪ್ಪಿಗೆ ಮೊಸರು ಕೇಳಲು ಬಂದರು. ಅವರ ತವರು ಹಗರಿಬೊಮ್ಮನಹಳ್ಳಿಯ ಆಚೆ, ಹಿನ್ನೀರಿನ ಹತ್ತಿರದ ಊರು. ಕಟ್ಟೆಯ ಮೇಲೆ ಕೂತು ಬಟ್ಟಲನ್ನು ಮಡಿಲಲ್ಲಿ ಇಟ್ಟುಕೊಂಡರು.

"ಹೆಂಗಿತ್ತು ತಿರುಗಾಟ? ಬರೋ ಐತಾರ ನನ್ನ ಮೊಮ್ಮಕ್ಕಳೂ ಅಲ್ಲಿಗೇ ಹೊಂಟಾವು ನೋಡ್ರಿ. ಮೂರೂ ಕೂಡಿ ಕುಣದದ್ದಽ ಕುಣದದ್ದು."

ಮೂರರಲ್ಲಿ ಸಣ್ಣದು ನಮ್ಮ ಅಂಗಳದಲ್ಲೇ ಆಡಿ ಬೆಳೆದದ್ದು, ಆರು ವರ್ಷ. ಇವರು ಒಳಗಿನಿಂದ ಕೆಮ್ಮಿದರು. ನಾನು ಮೊಸರಿನ ಪಾತ್ರೆ ಕೆಳಗಿಟ್ಟೆ. ಹೇಳಿದೆ. ತೆಳ್ಳನೆಯ ನೀರಿನ ಕೆಳಗೆ ಬಾವಿಗಳಿವೆ, ಕೆಂಪು ಬಟ್ಟೆ ಕಟ್ಟಿದ್ದು ದೇವರಲ್ಲ, ನಮ್ಮ ಮಗಳು ಇವತ್ತು ಅದರೊಳಗೆ ಹೋಗಿ ಬಂದಳು, ಮಕ್ಕಳನ್ನು ಇಳಿಸಬೇಡಿ, ಜಾಕೆಟ್ಟು ಬಿಚ್ಚಿಸಬೇಡಿ.

ಅವರು ಬಾಗಿಲಲ್ಲಿ ತಲೆ ಬಾಚಿಕೊಳ್ಳುತ್ತಿದ್ದ ಮಗಳನ್ನು ಮೇಲಿಂದ ಕೆಳಗೆ ನೋಡಿದರು. ಬಟ್ಟಲು ನನ್ನ ಮುಂದೆ ಹಿಡಿದರು.

"ನೀವು ಕಾನ್ವೆಂಟಿನ್ಯಾಗ ಓದಿದೋರು ಭಾಳ ಅಂಜ್ತೀರಿ ಬಿಡ್ರಿ. ಆ ನೀರಾಗಽ ನಾವು ಆಡಿ ಬೆಳದೀವಿ, ಸೀರಿ ಅಂಚು ಸೈತ ಪೂರ ತೊಯ್ಯಂಗಿಲ್ಲ. ಹಾಂ, ಮೊಸರು ಒಂದೀಟು ಸಾಕ್ರಿ."