ಮಗ್ಗದ ಶೆಡ್ಡಿನಲ್ಲಿ ವಿಲಾಯತಿ ಕಾರು

ಆ ಕಾರು ಬನಹಟ್ಟಿಯ ನಮ್ಮ ಮನೆಗೆ ಬಂದದ್ದು ಕಬ್ಬಿನ ಟ್ರೇಲರಿನ ಮೇಲೆ. ಸಕ್ಕರೆ ಕಾರ್ಖಾನೆಗಳ ಆ ವರ್ಷದ ಹಂಗಾಮು ಇನ್ನೂ ಶುರುವಾಗಿರಲಿಲ್ಲವಾದ್ದರಿಂದ ಟ್ರೇಲರ್ ಸುಲಭವಾಗಿ ಸಿಕ್ಕಿತು. ಹಳೆ ಕಬ್ಬಿಣ ನೋಡಲೆಂದು ಜಮಖಂಡಿಯ ಜಮೀನ್ದಾರರೊಬ್ಬರ ಮನೆಗೆ ಹೋಗಿದ್ದ ನನ್ನ ಗಂಡನಿಗೆ, ದನದ ಕೊಟ್ಟಿಗೆಯ ಮೂಲೆಯಲ್ಲಿ ಕಬ್ಬಿನ ಒಣ ಗರಿಯ, ರವದಿಯ, ಅಡಿಯಿಂದ ಒಂದು ದುಂಡನೆಯ ದೀಪ ಇಣುಕಿದ್ದು ಕಂಡಿತ್ತು. ರವದಿ ಸರಿಸಿದರೆ ಎರಡೇ ಸೀಟಿನ, ಮಾಡು ಇಲ್ಲದ, ಉದ್ದ ಮೂತಿಯ ಇಂಗ್ಲೆಂಡಿನ ಕಾರು. ಸಂಸ್ಥಾನದ ಕಾಲದ ಕೊನೆಗೆ ಆ ಮನೆಯವರು ತರಿಸಿದ್ದಂತೆ.

ಕೊಡುವಾಗ ಆ ಮನೆಯ ಹಿರಿಯಾಕೆ ಹೇಳಿದ್ದು ಒಂದೇ ಮಾತು. “ಒಯ್ಯಿರಿ. ಆದ್ರ ಮಂದಿ ಮಲಗೂ ಜಾಗಾದ ಹತ್ರ ನಿಲ್ಲಸಬ್ಯಾಡ್ರಿ.”

ಯಾಕೆ ಎಂದು ಇವರು ಕೇಳುವಷ್ಟರಲ್ಲಿ ಆಕೆ ಒಳಗೆ ಹೋಗಿದ್ದರಂತೆ. ಇವರು ಅದನ್ನು ಮನೆಯಲ್ಲಿ ನಗುತ್ತ ಹೇಳಿದರು. ನಾನೂ ನಕ್ಕೆ. ನಮ್ಮ ಅತ್ತೆ ಮಾತ್ರ ನಗಲಿಲ್ಲ. ಟ್ರೇಲರಿನಿಂದ ಕಾರನ್ನು ಇಳಿಸಿ ತಳ್ಳಿಕೊಂಡು ಶೆಡ್ಡಿನೊಳಗೆ ತರುವವರೆಗೂ ಅವರು ಹೊಸ್ತಿಲಲ್ಲೇ ನಿಂತಿದ್ದರು.

ಸೀರೆಯ ವ್ಯಾಪಾರ ಇಳಿದ ಮೇಲೆ ನಾವು ಕೆಲವು ಮಗ್ಗಗಳನ್ನು ಮಾರಿದ್ದೆವು. ಶೆಡ್ಡಿನಲ್ಲಿ ಒಂದು ಕಾರು ನಿಲ್ಲುವಷ್ಟು ಜಾಗ ಖಾಲಿಯಾಗಿತ್ತು. ಆ ಖಾಲಿ ಜಾಗ ನೋಡಿದಾಗಲೆಲ್ಲ ಇವರ ಮುಖ ಬಾಡುತ್ತಿತ್ತು. ಹಾಗಾಗಿ ಈ ಹುಚ್ಚಿಗೆ ನಾನು ಅಡ್ಡ ಬರಲಿಲ್ಲ. ನಿಜ ಹೇಳಬೇಕೆಂದರೆ, ಸ್ವಲ್ಪ ದಿನದಲ್ಲಿ ಅದು ನನ್ನ ಹುಚ್ಚೂ ಆಯಿತು.

ಇಂಗ್ಲೆಂಡಿನಿಂದ ಸಾಮಾನು ತರಿಸುವ ಶಕ್ತಿ ನಮಗಿರಲಿಲ್ಲ. ಇದ್ದುದರಲ್ಲೇ ಮಾಡಬೇಕಿತ್ತು. ನಟ್ಟು ಬಿಚ್ಚುವ ಪೇಟೆಯ ಪಾನಾಗಳು ಆ ಕಾರಿಗೆ ಕೂಡುತ್ತಿರಲಿಲ್ಲ, ಅವು ಮಿಲಿಮೀಟರಿನವು, ಕಾರಿನ ನಟ್ಟುಗಳೆಲ್ಲ ಇಂಚಿನ ಲೆಕ್ಕ. ಇವರು ಅಪ್ಪನ ಕಾಲದ ಮಗ್ಗದ ಪಾನಾಗಳನ್ನು ಅಟ್ಟದಿಂದ ಇಳಿಸಿ ನೋಡಿದರು. ಸರಿಯಾಗಿ ಕೂತವು. ಆ ಹಳೆ ಮಗ್ಗಗಳೂ ಅದೇ ದೇಶದ ಅಳತೆಯವು. ಜಾಮ್ ಆಗಿದ್ದ ಇಂಜಿನ್ನಿಗೆ ಸೀಮೆಎಣ್ಣೆ ಹುಯ್ದು ದಿನಗಟ್ಟಲೆ ನೆನೆಯಬಿಟ್ಟರು. ಸವೆದ ಭಾಗಗಳನ್ನು ಲೋಕಾಪುರದ ಲೇಥಿನಲ್ಲಿ ಕಡೆಸಿಕೊಂಡು ಬಂದರು. ಬ್ರೇಕಿನ ರಬ್ಬರು ಮುಧೋಳದ ಟ್ರ್ಯಾಕ್ಟರ್ ಅಂಗಡಿಯಲ್ಲಿ ಸಿಕ್ಕಿತು. ಹೊಗೆ ಹೋಗುವ ಕೊಳವೆ ಮತ್ತು ಸೈಲೆನ್ಸರ್ ತುಕ್ಕು ಹಿಡಿದು ಕೈಯಲ್ಲೇ ಪುಡಿಯಾದವು. ಅವನ್ನು ಇವರು ಎಣ್ಣೆ ಡಬ್ಬಿಯ ತಗಡಿನಿಂದ ಮಾಡಿ, ಸಂದಿಗಳಿಗೆ ಪಟ್ಟಿ ಸುತ್ತಿ ತಂತಿಯಿಂದ ಬಿಗಿದರು. ಬೇಕಾದಾಗ ಮಡಚುವ ಮೇಲ್ಹೊದಿಕೆಯನ್ನು, ಹುಡ್ಡನ್ನು, ತಾಡಪತ್ರಿಯಲ್ಲಿ ಹೊಲಿಯುವ ಕೆಲಸ ನನ್ನದು. ಹೊಲಿಗೆ ಮಷೀನನ್ನು ಶೆಡ್ಡಿಗೇ ತಂದಿಟ್ಟುಕೊಂಡೆ.

ಇಂಜಿನ್ ಚಾಲೂ ಆದ ದಿನ ಓಣಿಯ ಮಂದಿಯೆಲ್ಲ ಬಂದರು. ದಿನಾ ಬರತೊಡಗಿದರು. ಆ ಗದ್ದಲದಲ್ಲಿ ಇವರಿಗೆ ಕೆಲಸ ಸಾಗುತ್ತಿರಲಿಲ್ಲ. ಆ ಕಾರಿಗೆ ಎರಡು ಕಾರ್ಬ್ಯುರೇಟರ್, ಎರಡೂ ಒಂದೇ ಸಮನೆ ಗಾಳಿ ಎಳೆಯಬೇಕು. ಇವರು ರಬ್ಬರ್ ನಳಿಕೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಅವುಗಳ ಬಾಯಿಗೆ ಹಿಡಿದು, ಸ್ವರ ಹೊಂದಿಸುವವರ ಹಾಗೆ ಕೂರುತ್ತಿದ್ದರು. ಅದಕ್ಕೆ ಇಂಜಿನ್ ಬಹಳ ಹೊತ್ತು ಓಡುತ್ತಿರಬೇಕು. ಅಷ್ಟರಲ್ಲಿ ಚಳಿಗಾಲವೂ ಬಂತು. ಸಂಜೆ ಮಗ್ಗಗಳು ನಿಂತ ಮೇಲೆ ಇವರು ಶೆಡ್ಡಿನ ಬಾಗಿಲು ಹಾಕಿ ಅಗಳಿ ಹಾಕುತ್ತಿದ್ದರು. ಹೊಗೆಗೆಂದು ಸೈಲೆನ್ಸರಿಗೆ ಒಂದು ದಪ್ಪ ಪೈಪು ಸಿಕ್ಕಿಸಿ ಬಾಗಿಲಿನ ಕೆಳಗಿಂದ ಹೊರಗೆ ಬಿಟ್ಟಿದ್ದರು. ಕಣ್ಣಿಗೆ ಹೊಗೆ ಕಾಣುತ್ತಿರಲಿಲ್ಲ. ನಮಗೆ ಅಷ್ಟೇ ಸಾಕಾಗಿತ್ತು.

ಶೆಡ್ಡಿಗೂ ಅತ್ತೆಯ ಕೋಣೆಗೂ ನಡುವೆ ಒಂದೇ ಗೋಡೆ, ಗೋಡೆಯ ಮೇಲ್ಗಡೆ ಒಂದು ಬೆಳಕಿಂಡಿ. ಅತ್ತೆಗೆ ತಲೆನೋವು ಶುರುವಾಯಿತು. ಆಮೇಲೆ ವಾಕರಿಕೆ. ಒಂದು ಬೆಳಗ್ಗೆ ಚಹಾ ಕೊಡಲು ಹೋದರೆ ಗೋಡೆಗೆ ಒರಗಿ ಕೂತಿದ್ದರು.

“ಮೂಲ್ಯಾಗ ಯಾರೋ ನಿಂತಿದ್ರವಾ,” ಎಂದರು. “ಮಾತಾಡಂಗಿಲ್ಲ. ನಿಂತಽ ಇರ್ತಾರ. ಎದಿ ಮ್ಯಾಲೆ ಕಲ್ಲ ಇಟ್ಟಂಗ ಆಗತೈತಿ.”

“ಕನಸಾಗಿರಬೇಕ್ರಿ ಅತ್ತಿ.”

“ಎಚ್ಚರಿದ್ದಾಗ ಕನಸ ಬೀಳ್ತಾವೇನು?”

ಅವರು ಸುಮ್ಮನೆ ಹೆದರುವ ಹೆಂಗಸಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಮಗ್ಗ ನಡೆಸಿದವರು. ಅವರ ಬಾಯಲ್ಲಿ ಆ ಮಾತು ಕೇಳಿ ನಾನು ಊರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಬಿ.ಪಿ. ನೋಡಿ, ವಯಸ್ಸಿನ ಮಾತಾಡಿ ಗುಳಿಗೆ ಕೊಟ್ಟರು. ಅತ್ತೆ ತೇರದಾಳದ ಮಗಳ ಮನೆಗೆ ಹೋದರು. ಅಲ್ಲಿ ಚೆನ್ನಾಗಿ ಉಂಡರು, ಚೆನ್ನಾಗಿ ಮಲಗಿದರು. ಮರಳಿ ಬಂದ ಮರುದಿನವೇ ಮತ್ತೆ ತಲೆ ಹಿಡಿದುಕೊಂಡು ಕೂತರು.

ಅದೇ ವಾರ ಶೆಡ್ಡಿನ ಅಟ್ಟದ ಮೇಲೆ ಬೆಕ್ಕಿನ ಮರಿಗಳು ಸತ್ತು ಬಿದ್ದಿದ್ದವು. ನೂಲಿನ ಚೀಲದ ಮೇಲೆ ಮಲಗಿದ ಹಾಗೇ ಇದ್ದವು. ಅತ್ತೆ ಒಂದೊಂದನ್ನೇ ತಿರುವಿ ನೋಡಿ ಮಗನ ಕಡೆ ತಿರುಗಿದರು.

“ಕಚ್ಚಿದ ಗುರ್ತಿಲ್ಲ, ರಕ್ತಿಲ್ಲ. ತಮ್ಮಾ, ಆ ಗಾಡಿ ಹೊರಗ ಹಾಕು.”

“ಎವ್ವಾ, ಗಾಡಿ ಏನ್ ಮಾಡತೈತಿ? ಅದು ಬರೇ ಕಬ್ಬಣ,” ಎಂದರು ಇವರು. ಆದರೂ ತಾಯಿಯ ಸಮಾಧಾನಕ್ಕೆ ಕಾರಿಗೆ ಒಂದು ಲಿಂಬೆಹಣ್ಣು ಕಟ್ಟಿದರು. ಇಂಜಿನ್ ಎಂದಿನಂತೆ ಓಡುತ್ತಲೇ ಇತ್ತು.

ನನ್ನ ಹೊಲಿಗೆಯೂ ಕೆಡತೊಡಗಿತು. ಇಷ್ಟು ವರ್ಷ ಬ್ಲೌಸು ಹೊಲಿದ ಕೈ, ತಾಡಪತ್ರಿಯ ಮೇಲೆ ಸಾಲು ಹಾವಿನಂತೆ ಹೋಗುತ್ತಿತ್ತು. ಕಣ್ಣು ಮಂಜಾಗಿರಬೇಕು, ಚಷ್ಮಾ ಮಾಡಿಸಬೇಕು ಅಂದುಕೊಂಡೆ. ನೀರು ಕುಡಿಯಲು ಅಂಗಳಕ್ಕೆ ಹೋದರೆ ತಲೆ ಹಗುರವಾಗುತ್ತಿತ್ತು, ಒಳಗೆ ಬಂದು ಸ್ವಲ್ಪ ಹೊತ್ತು ಕೂತರೆ ಮತ್ತೆ ಭಾರ. ಒಮ್ಮೆ ಇದನ್ನು ಇವರಿಗೆ ಹೇಳಿದೆ.

“ನನಗೂ ಹಂಗ ಆಗತೈತಿ,” ಎಂದರು. “ಪೆಟ್ರೋಲ್ ವಾಸನಿ ಅದು. ರೂಢಿ ಆಗತೈತಿ ಬಿಡು.”

ಆ ಸಂಜೆ ಹುಡ್ಡಿನ ಕೊನೆಯ ಅಂಚು ಹೊಲಿಯುತ್ತಿದ್ದೆ. ಇಂಜಿನ್ ಬಹಳ ಚೆಂದ ಓಡುತ್ತಿತ್ತು, ಒಂದು ಸ್ವರವೂ ತಪ್ಪುತ್ತಿರಲಿಲ್ಲ. ಇವರು ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗಿಗೆ ಹಣೆ ಹಚ್ಚಿದ್ದರು. ಇಂಜಿನ್ ಆಲಿಸುತ್ತಿದ್ದಾರೆ ಎಂದುಕೊಂಡೆ. ಕತ್ತರಿ ಬೇಕಿತ್ತು.

“ರೀ, ಆ ಕತ್ರಿ ಕೊಡ್ರಿಲ್ಲೆ.”

ಇವರು ತಲೆ ಎತ್ತಲಿಲ್ಲ. ಮತ್ತೊಮ್ಮೆ ಕರೆದೆ. ಎದ್ದು ನಿಲ್ಲಲು ಹೋದರೆ ಮೊಣಕಾಲುಗಳು ನನ್ನವೇ ಅಲ್ಲದ ಹಾಗೆ ಮಡಚಿಕೊಂಡವು. ನೆಲದ ಮೇಲೆ ಬಿದ್ದಲ್ಲೇ ಬೆಕ್ಕಿನ ಮರಿಗಳು ನೆನಪಾದವು. ತೇರದಾಳದಲ್ಲಿ ಹೊಟ್ಟೆ ತುಂಬ ಉಂಡ ಅತ್ತೆ ನೆನಪಾದರು. ಆಗ ತಿಳಿಯಿತು, ಇದು ಈ ಶೆಡ್ಡಿನ ಗಾಳಿ ಎಂದು. ತಿಳಿದರೂ ಅವಸರವೆನಿಸಲಿಲ್ಲ. ಅಲ್ಲೇ ಸ್ವಲ್ಪ ಮಲಗಿದರಾಯಿತು ಎಂದು ಹಿತವಾಗಿ ಅನಿಸುತ್ತಿತ್ತು. ಇವತ್ತಿಗೂ ನನ್ನನ್ನು ನಡುಗಿಸುವುದು ಆ ಹಿತವೇ.

ಅತ್ತೆ ಗೋಡೆಯ ಆಚೆ ಮಲಗಿದ್ದಾರೆ ಎಂಬ ಒಂದೇ ನೆನಪು ನನ್ನನ್ನು ಬಾಗಿಲಿನವರೆಗೆ ತೆವಳಿಸಿತು. ಅಗಳಿ ಹೇಗೆ ತೆಗೆದೆನೋ ಗೊತ್ತಿಲ್ಲ. ತಣ್ಣನೆ ಗಾಳಿ ಮುಖಕ್ಕೆ ಬಡಿದಾಗ ವಾಂತಿಯಾಯಿತು, ಆಮೇಲೆ ದನಿ ಬಂತು. ಎದುರಿನ ಮಗ್ಗದ ಮನೆಯವರು ಓಡಿ ಬಂದರು. ಒಬ್ಬರು ಇಂಜಿನ್ ಬಂದ್ ಮಾಡಿದರು, ಇಬ್ಬರು ಇವರನ್ನು ಅಂಗಳಕ್ಕೆ ಎಳೆದು ತಂದರು. ಇವರ ಮುಖ ಬಿಳಿಚಿಕೊಂಡಿರಲಿಲ್ಲ. ಜಾತ್ರೆಯ ಬಿಸಿಲಿನಲ್ಲಿ ತಿರುಗಿದವರ ಹಾಗೆ ಕೆಂಪಗಿತ್ತು. ಅತ್ತೆಯನ್ನು ಹಾಸಿಗೆ ಸಮೇತ ಹೊತ್ತು ತಂದರು. ಅವರಿಗೆ ಪ್ರಜ್ಞೆ ಇತ್ತು.

ಜಮಖಂಡಿಯ ದವಾಖಾನೆಯಲ್ಲಿ ಮೂವರಿಗೂ ಆಕ್ಸಿಜನ್ ಹಚ್ಚಿದರು. ಡಾಕ್ಟರು ಹೆಣ್ಣುಮಗಳು, ಚಿಕ್ಕ ವಯಸ್ಸಿನವರು.

“ಬಾಗಲಾ ಹಾಕಿ ಇಂಜಿನ್ ಚಾಲೂ ಇಟ್ಟಿದ್ರೇನ್ರಿ?” ಎಂದು ಕೇಳಿದರು.

“ಹೊಗಿ ಹೊರಗ ಬಿಟ್ಟಿದ್ವಿರಿ.”

“ಹೊಗಿ ಕಾಣತೈತಿ. ಸಾಯಿಸೂ ಗಾಳಿ ಕಾಣಂಗಿಲ್ಲ, ಅದಕ್ಕ ವಾಸನಿನೂ ಇಲ್ಲ. ಎಲ್ಲೋ ಜಾಯಿಂಟಿನಾಗ ಸೋರೇತಿ. ಮುಖಾ ಕೆಂಪಗಾಗಿದ್ದೂ ಅದರಿಂದನ.”

ತಗಡಿನ ಸಂದಿಗಳು ನನ್ನ ಕಣ್ಣ ಮುಂದೆ ಬಂದವು. ಅತ್ತೆ ಮೂಲೆಯಲ್ಲಿ ಕಂಡ ಆಕೃತಿಯ ಬಗ್ಗೆಯೂ ಕೇಳಿದೆ. ಮಿದುಳಿಗೆ ಗಾಳಿ ಸಾಲದಾದಾಗ ಹಾಗೆ ಕಾಣುತ್ತದೆ ಎಂದರು. ಇವರಿಗೆ ಎಚ್ಚರವಾದದ್ದು ಮರುದಿನ. ಮನೆಗೆ ಕಳಿಸುವಾಗ ಡಾಕ್ಟರು ನನ್ನೊಬ್ಬಳನ್ನೇ ಕರೆದು, “ನಿಮ್ಮ ಯಜಮಾನರ ಮ್ಯಾಲೆ ಒಂದೆರಡ ತಿಂಗಳ ಲಕ್ಷ ಇರ್ಲಿ. ಕೆಲವರಿಗೆ ಪೂರಾ ಆರಾಮಾದ ಮ್ಯಾಲೂ ತಡಾ ಮಾಡಿ ನೆನಪ ಕೆಡತೈತಿ,” ಎಂದರು.

ಅತ್ತೆ ಪೂರ್ತಿ ಚೇತರಿಸಿಕೊಂಡರು. ಡಾಕ್ಟರ ಮಾತನ್ನು ಅವರು ಅಲ್ಲಗಳೆಯಲಿಲ್ಲ, ಒಪ್ಪಲೂ ಇಲ್ಲ. ಇವರೂ ಎದ್ದು ಓಡಾಡಿದರು, ಮಗ್ಗ ನೋಡಿಕೊಂಡರು. ಕಾರನ್ನು ಅಂಗಳಕ್ಕೆ ತಳ್ಳಿಸಿ, ಬಯಲಲ್ಲೇ ಉಳಿದ ಕೆಲಸ ಮುಗಿಸಿದರು. ಈ ಸಲ ಸೈಲೆನ್ಸರ್ ಕೊಳವೆಯನ್ನು ವೆಲ್ಡಿಂಗ್ ಮಾಡಿಸಿದರು.

ಬೇಸಿಗೆಯ ಮೊದಲಿಗೆ ನಾವಿಬ್ಬರೇ ಅದರಲ್ಲಿ ಜಮಖಂಡಿಯವರೆಗೆ ಹೋದೆವು. ಹುಡ್ಡು ಮಡಚಿಟ್ಟಿದ್ದೆವು. ರಸ್ತೆಯ ಎರಡೂ ಬದಿಗೆ ಕಬ್ಬು ಕಡಿದ ಹೊಲಗಳು. ಎದುರು ಬಂದ ಟ್ರ್ಯಾಕ್ಟರಿನವರೆಲ್ಲ ಕೈ ಬೀಸಿದರು, ಇವರು ಹಾರ್ನ್ ಹೊಡೆದರು. ಎಷ್ಟೋ ದಿನದ ಮೇಲೆ ಇವರು ನಗುವುದನ್ನು ನೋಡಿದೆ. ಚಹಾ ಕುಡಿದು ಮರಳಿ ಹೊರಟೆವು.

ಜಮಖಂಡಿಯ ಹೊರಗೆ ಮುಧೋಳದ ದಾರಿ ಮತ್ತು ನಮ್ಮ ಬನಹಟ್ಟಿಯ ದಾರಿ ಬೇರೆಯಾಗುವಲ್ಲಿ ಇವರು ಕಾರು ನಿಲ್ಲಿಸಿದರು. ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಇವರು ಆ ದಾರಿ ಒಮ್ಮೆ, ಈ ದಾರಿ ಒಮ್ಮೆ ನೋಡಿದರು. ಶಾಲೆಗೆ ಹೋಗುವ ವಯಸ್ಸಿನಿಂದ ಇವರು ತಿರುಗಿದ ರಸ್ತೆ ಅದು.

“ಯಾಕ್ ನಿಲ್ಲಿಸಿದ್ರಿ?” ಎಂದೆ.

ಇವರು ನನ್ನ ಕಡೆ ತಿರುಗಿದರು. ಮುಖದಲ್ಲಿ ತಮಾಷೆ ಇರಲಿಲ್ಲ.

“ನಮ್ಮ ಮನಿ ಯಾ ಕಡೆ?” ಎಂದು ಮೆಲ್ಲಗೆ ಕೇಳಿದರು.

ನಾನು ಕೈ ಮಾಡಿ ತೋರಿಸಿದೆ.