ಒಂದನೇ ನಂಬರಿನ ವೋಚರು

ದಾರದಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಅದು ಅಂಗಡಿಯ ಬೋರ್ಡಿನ ಮೇಲೂ ಇದೆ, ಆದರೆ ಬಿಸಿಲಿಗೆ ಅರ್ಧ ಅಳಿಸಿಹೋಗಿ ಯಾರೂ ಓದದ ಹಾಗಾಗಿದೆ. ಬೀದಿಯವರಿಗೆಲ್ಲ ಅವಳು ದಾರದಕ್ಕ. ಪಂಕ್ಚರ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಹದಿನಾರು ವರ್ಷದಿಂದ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಯಾವಾಗ ಮೆಟ್ಟಿಲು ಹತ್ತಿ ಹೋಗಿ ನೋಡಿದರೂ ಯಾರದೋ ಮುಖದ ಮೇಲೆ ಬಗ್ಗಿ, ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿಕೊಂಡು, ಉಳಿದದ್ದನ್ನು ಬೆರಳಿಗೆ ಸುತ್ತಿಕೊಂಡು ಹುಬ್ಬು ತೀಡುತ್ತಿರುತ್ತಾಳೆ. ಬಾಯಲ್ಲಿ ದಾರ ಇರುವಷ್ಟು ಹೊತ್ತು ಮಾತಿಲ್ಲ. ಹ್ಞೂಂ, ಉಹ್ಞೂಂ, ಎರಡೇ. ಹೆಂಗಸರು ಅವಳ ಹತ್ತಿರ ಮನಸ್ಸು ಬಿಚ್ಚಿ ಮಾತಾಡುವುದಕ್ಕೆ ಇದೇ ಕಾರಣ ಇರಬೇಕು. ಮಧ್ಯೆ ಬಾಯಿ ಹಾಕದೆ ಕೇಳುವವರು ಇನ್ನೆಲ್ಲಿ ಸಿಗುತ್ತಾರೆ ಹೇಳಿ.

ಪಾರ್ಲರಿನಲ್ಲಿ ಎರಡು ಕುರ್ಚಿ. ಒಂದು ನೆಟ್ಟಗಿದೆ. ಇನ್ನೊಂದನ್ನು ಏರಿಸಿಟ್ಟರೆ ತಾನಾಗೇ ನಿಧಾನಕ್ಕೆ ಇಳಿಯುತ್ತದೆ. ಫೇಶಿಯಲ್ ಶುರುವಾದಾಗ ಕನ್ನಡಿಯಲ್ಲಿ ಎದೆವರೆಗೂ ಕಾಣುತ್ತಿದ್ದವರು ಮುಗಿಯುವ ಹೊತ್ತಿಗೆ ಹಣೆ ಮಾತ್ರ ಉಳಿದಿರುತ್ತಾರೆ. ಬಂದವರು ಕಾಲೇಜು ಹುಡುಗಿಯಾಗಲಿ, ಹಲ್ಲಿಲ್ಲದ ಅಜ್ಜಿಯಾಗಲಿ, ದಾರದಕ್ಕ ಕರೆಯುವುದು ಅಕ್ಕಾ ಅಂತಲೇ. ಬನ್ನಿ ಅಕ್ಕಾ, ಕೂತ್ಕೊಳ್ಳಿ ಅಕ್ಕಾ, ಚರ್ಮ ಬಿಗಿಯಾಗಿ ಹಿಡ್ಕೊಳ್ಳಿ ಅಕ್ಕಾ. ದಿನಕ್ಕೆ ನೂರು ಸಲವಾದರೂ ಆ ಮಾತು ಬಾಯಿಗೆ ಬರುತ್ತದೆ. ಸ್ವಂತ ಅಕ್ಕನನ್ನು ಮಾತ್ರ ಮೂರು ವರ್ಷದಿಂದ ಕರೆದಿಲ್ಲ.

ಜಗಳ ಆಸ್ತಿಗಲ್ಲ, ಹುಬ್ಬಿಗೆ. ನಗಬೇಡಿ, ನಕ್ಕಿದ್ದರಿಂದಲೇ ಇಷ್ಟೆಲ್ಲ ಆಗಿದ್ದು. ಅಕ್ಕನ ಮಗಳ ಮದುವೆಯ ಹಿಂದಿನ ದಿನ ಮನೆ ತುಂಬ ನೆಂಟರು. ದಾರದಕ್ಕ ಅಕ್ಕನನ್ನು ಕಿಟಕಿ ಪಕ್ಕ ಕೂರಿಸಿಕೊಂಡು ಹುಬ್ಬು ಮಾಡುತ್ತಿದ್ದಳು. ಬಲಗಡೆ ಮುಗಿಯಿತು, ಎಡಗಡೆಗೆ ಬಂದಳು. ಆಗ ಯಾರೋ ನೆಂಟರು ಏನೋ ತಮಾಷೆ ಮಾಡಿದರು, ದಾರದಕ್ಕ ನಕ್ಕುಬಿಟ್ಟಳು. ದಾರ ಹಲ್ಲಲ್ಲಿದ್ದಾಗ ನಗಬಾರದು, ಅದು ಈ ಕೆಲಸದ ಮೊದಲನೇ ಪಾಠ. ಎಡಗಡೆ ಹುಬ್ಬಿನ ಕೆಳಗಿನ ಅರ್ಧ ದಾರಕ್ಕೆ ಅಂಟಿಕೊಂಡು ಬಂತು. ಮದುವೆಯ ಫೋಟೋಗಳಲ್ಲೆಲ್ಲ ಅಕ್ಕ ಒಂದು ಹುಬ್ಬೇರಿಸಿಕೊಂಡು ನಿಂತಿದ್ದಾಳೆ, ಅಳಿಯನ ಮೇಲೆ ಏನೋ ಅನುಮಾನ ಬಂದವರ ಹಾಗೆ. ಬೀಗರು ಆ ಫೋಟೋ ನೋಡಿ ನೋಡಿ ಎರಡು ವರ್ಷ ಬೇಜಾರು ಮಾಡಿಕೊಂಡಿದ್ದರಂತೆ.

ಆವತ್ತೇ ತಪ್ಪಾಯ್ತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಹತ್ತು ಜನರ ಎದುರು ಕೈಚಳಕದ ಮರ್ಯಾದೆ ಹೋಯಿತಲ್ಲ, ದಾರದಕ್ಕನ ಬಾಯಿಂದ ಬಂದದ್ದು ಬೇರೆ ಮಾತು: ನೀನು ಅಲ್ಲಾಡಿದೆ. ಅಕ್ಕ ನಾನು ಅಲ್ಲಾಡಲಿಲ್ಲ ಅಂದಳು. ಇವಳು ಅಲ್ಲಾಡಿದೆ ಅಂದಳು. ಅಕ್ಕ ಎದ್ದು ಒಳಗೆ ಹೋದಳು. ಅವಳು ಹಾಗೇ, ಹಿಡಿದದ್ದನ್ನು ಬಿಡುವವಳಲ್ಲ. ಜ್ವರ ಬಿಟ್ಟ ಮೇಲೂ ಮಾತ್ರೆಯ ಶೀಟು ಮುಗಿಸುವವಳು. ಕೋಪವನ್ನೂ ಹಾಗೇ ಪೂರ್ತಿ ಮುಗಿಸುತ್ತಾಳೆ ಅಂತ ದಾರದಕ್ಕ ಕಾಯುತ್ತ ಕೂತಳು. ಅದು ಮುಗಿಯಲಿಲ್ಲ. ಅಕ್ಕನ ಮನೆ ಎಂಟು ಬಸ್ ಸ್ಟಾಪ್ ದೂರ, ಮೂರು ವರ್ಷ.

ಈಗ ವೋಚರಿನ ಕತೆ. ದಾರದಕ್ಕನ ನಾದಿನಿ ಕೊರಿಯರ್ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ಕಂಪ್ಯೂಟರಿನ ತಲೆಬುಡ ಎರಡೂ ಬಲ್ಲವಳು. ಅತ್ತಿಗೆ, ಈಗ ಯಾರೂ ಸೀರಿಯಸ್ಸಾಗಿ ಉಡುಗೊರೆ ಹುಡುಕೋದಿಲ್ಲ, ಆನ್‌ಲೈನಲ್ಲಿ ಗಿಫ್ಟ್ ವೋಚರ್ ಕಳಿಸ್ತಾರೆ, ನಿಮ್ಮ ಪಾರ್ಲರಿಗೂ ಮಾಡೋಣ ಅಂತ ಒಂದು ತಿಂಗಳು ತಲೆ ತಿಂದಳು. ಕೊನೆಗೆ ಒಂದು ಭಾನುವಾರ ಲ್ಯಾಪ್‌ಟಾಪ್ ಹೊತ್ತುಕೊಂಡು ಪಾರ್ಲರಿಗೇ ಬಂದಳು. ರೆಡಿಮೇಡ್ ಪುಟ ಸಿಗುತ್ತದಂತೆ, ನಮ್ಮ ಹೆಸರು ತುಂಬಿದರೆ ಆಯ್ತು. ಕೊಂಡವರು ಯಾರಿಗೆ ಕಳಿಸಬೇಕೋ ಅವರ ಫೋನ್ ನಂಬರ್ ಹಾಕುತ್ತಾರೆ, ಬೇಕಿದ್ದರೆ ಎರಡು ಸಾಲು ಸಂದೇಶ ಬರೆಯುತ್ತಾರೆ, ವೋಚರು ಅವರ ಫೋನಿಗೆ ಹೋಗುತ್ತದೆ. ಮೂರು ತಿಂಗಳು ವಾಯಿದೆ.

ಎಲ್ಲ ಆದ ಮೇಲೆ ಒಂದು ಟೆಸ್ಟ್ ಮಾಡಿ ನೋಡಬೇಕು ಅಂದಳು ನಾದಿನಿ. ಯಾವುದಾದರೂ ನಂಬರ್ ಹಾಕಿ, ಏನಾದರೂ ಬರೀರಿ, ಬರೀ ಟೆಸ್ಟು, ಎಲ್ಲಿಗೂ ಹೋಗಲ್ಲ. ಅಷ್ಟರಲ್ಲಿ ಆಫೀಸಿಂದ ಫೋನ್ ಬಂತು, ಅವಳು ಮೆಟ್ಟಿಲ ಕಡೆ ಹೋದಳು. ದಾರದಕ್ಕ ಒಬ್ಬಳೇ ಉಳಿದಳು. ಅವಳಿಗೆ ತನ್ನ ನಂಬರೇ ನೆನಪಿರುವುದಿಲ್ಲ, ಗಂಡನದು ಮೊದಲೇ ಇಲ್ಲ. ಬಾಯಿಪಾಠ ಇದ್ದದ್ದು ಒಂದೇ ನಂಬರು. ಅದನ್ನು ಒತ್ತಿದಳು. ಎಲ್ಲಿಗೂ ಹೋಗಲ್ಲ ಅಂತ ಗೊತ್ತಿತ್ತಲ್ಲ, ಅದೇ ಧೈರ್ಯದ ಮೇಲೆ ಕೆಳಗಿನ ಚೌಕದಲ್ಲಿ ಒಂದೊಂದೇ ಅಕ್ಷರ ಹುಡುಕಿ ಬರೆದಳು.

‘ಅಕ್ಕಾ, ತಪ್ಪು ನಂದೇ. ಒಂದ್ಸಲ ಬಾ.’

ನಾದಿನಿ ಬಂದು, ಏನು ಬರೆದಿದೆ ಅಂತಲೂ ನೋಡದೆ, ಎರಡು ಗುಂಡಿ ಒತ್ತಿ ಆಯ್ತು ಅತ್ತಿಗೆ ಅಂದಳು. ಆ ಎರಡರಲ್ಲಿ ಒಂದು ಗುಂಡಿ ಕಳಿಸುವುದು. ಇನ್ನೊಂದು, ಇದನ್ನೇ ಮಾದರಿಯಾಗಿ ಇಟ್ಟುಕೋ ಅನ್ನುವುದು.

ಮೊದಲ ವಾರ ಹನ್ನೊಂದು ವೋಚರು ಹೋದವು. ಸಂದೇಶದ ಚೌಕ ತುಂಬುವ ತಾಳ್ಮೆ ನಮ್ಮ ಜನಕ್ಕೆಲ್ಲಿದೆ, ಹನ್ನೊಂದೂ ಜನ ಖಾಲಿ ಬಿಟ್ಟಿದ್ದರು. ಖಾಲಿ ಬಿಟ್ಟ ಕಡೆ ಮಾದರಿ ಹೋಗಿ ಕೂತಿತು.

ಮೊದಲು ಬಂದವನು ಸ್ಕೂಲ್ ವ್ಯಾನಿನ ಡ್ರೈವರು. ಪಾಪ, ಹೆಂಡತಿಯ ಹುಟ್ಟುಹಬ್ಬಕ್ಕೆ ಅಂತ ಕಳಿಸಿದ್ದ. ಯಾವ ಅಕ್ಕ, ಏನು ತಪ್ಪು, ಎಲ್ಲಿಗೆ ಬರಬೇಕು ಅಂತ ಹೆಂಡತಿ ಮೂರು ದಿನದಿಂದ ವಿಚಾರಣೆ ನಡೆಸುತ್ತಿದ್ದಾಳಂತೆ. ಇದು ಪಾರ್ಲರಿನ ತಪ್ಪು ಅಂತ ಒಂದು ಚೀಟಿ ಬರೆದು ಸೀಲ್ ಹಾಕಿಕೊಡಿ ಅಂದ. ದಾರದಕ್ಕನ ಹತ್ತಿರ ಸೀಲ್ ಇರಲಿಲ್ಲ. ಲಿಪ್‌ಸ್ಟಿಕ್‌ನಲ್ಲಿ ಹೆಬ್ಬೆಟ್ಟು ಒತ್ತಿಕೊಡಲು ಹೋದಳು. ಅವನು ಬೆಚ್ಚಿಬಿದ್ದು, ಅದೊಂದು ಬೇಡ ತಾಯಿ ಅಂದ.

ಆಮೇಲೆ ಒಬ್ಬಳು ಸೊಸೆ. ಅತ್ತೆಗೆ ವೋಚರ್ ಕಳಿಸಿದ್ದಳು. ಆ ಅತ್ತೆ ‘ತಪ್ಪು ನಂದೇ’ ಅನ್ನುವುದನ್ನು ಕಟ್ಟಡದ ನಾಲ್ಕೂ ಮಹಡಿಗೆ ತೋರಿಸಿಕೊಂಡು ಬಂದರಂತೆ. ಸೊಸೆ ಬೆಂಕಿಯಾಗಿ ಬಂದವಳು ಕುರ್ಚಿಯಲ್ಲಿ ಕೂತು, ಹೋಗಲಿ ಬಿಡಿ, ಆವತ್ತಿಂದ ಪಾತ್ರೆ ಅವರೇ ತೊಳೀತಿದಾರೆ ಅಂದಳು. ರಿಟೈರಾದ ಹೆಡ್‌ಕ್ಲರ್ಕ್ ಅಮ್ಮನಿಗೆ ಆಫೀಸಿನವರು ಕಳಿಸಿದ್ದರು. ಮೂವತ್ತು ವರ್ಷದಲ್ಲಿ ಒಬ್ಬರಾದರೂ ಒಪ್ಪಿಕೊಂಡರಲ್ಲ ಅಂತ ಆಯಮ್ಮ ಕಣ್ಣೊರೆಸಿಕೊಂಡು ಫೇಶಿಯಲ್ ಮಾಡಿಸಿಕೊಂಡು ಹೋದರು.

ನಾದಿನಿ ಲ್ಯಾಪ್‌ಟಾಪ್ ತೆಗೆದು ನೋಡಿ ನಾಲಿಗೆ ಕಚ್ಚಿಕೊಂಡಳು. ಎಲ್ಲಿಗೂ ಹೋಗಲ್ಲ ಅಂದಿದ್ದ ಟೆಸ್ಟು ಪಟ್ಟಿಯ ಮೊದಲನೇ ಸಾಲಿನಲ್ಲಿ ಕೂತಿತ್ತು, ಪಕ್ಕದಲ್ಲಿ ‘ತಲುಪಿದೆ’ ಅಂತ. ದಾರದಕ್ಕನಿಗೆ ಬೈಯಬೇಕೋ ಬೇಡವೋ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಒಳಗೊಳಗೇ ಖುಷಿಯಾಯಿತು. ಮೂರು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡದ್ದು ತಾನಾಗೇ ಹೊರಟುಹೋಗಿತ್ತು. ಆವತ್ತಿನಿಂದ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೆ ಸಾಕು, ಕೈ ನಿಲ್ಲುತ್ತಿತ್ತು.

ಮಾದರಿ ತೆಗೆದುಬಿಡಲಾ ಅಂತ ನಾದಿನಿ ಕೇಳಿದಳು. ಕೇಳಿದವಳೇ, ಆದರೆ ಅತ್ತಿಗೆ, ಜನ ಫೋನ್ ಮಾಡಿ ಆ ‘ತಪ್ಪು ನಂದೇ’ ಕೂಪನ್ ಇದೆಯಾ ಅಂತ ಕೇಳ್ತಿದಾರೆ, ಇರಲಿ ಬಿಡಿ ಅಂದಳು. ಜಗಳವಾಡಿ ಮುಖ ಊದಿಸಿಕೊಂಡವರು ಊರಲ್ಲಿ ಅಷ್ಟು ಜನ ಇದ್ದರು ಅಂತ ಯಾರಿಗೆ ಗೊತ್ತಿತ್ತು? ಬಾಯಿಬಿಟ್ಟು ಹೇಳಲು ಬಿಗುಮಾನ, ಪಾರ್ಲರಿನವಳ ಬಾಯಲ್ಲಿ ಹೇಳಿಸಿದರೆ ಹಗುರ. ಎರಡೂ ಕುರ್ಚಿ ಬೆಳಗಿಂದ ತುಂಬಿರುತ್ತಿದ್ದವು. ದಾರದಕ್ಕನೂ ಇರಲಿ ಬಿಡು ಅಂದಳು. ಆ ಮಾತನ್ನು ಅವಳು ಆಮೇಲೆ ಬಹಳ ದಿನ ನೆನೆಸಿಕೊಂಡು ಕೈ ಕೈ ಹಿಸುಕಿಕೊಂಡಳು.

ಯಾಕೆಂದರೆ ಮೂರನೇ ವಾರ ಒಬ್ಬ ಟೈಲರಮ್ಮ ಬಂದರು. ಮಗಳು ವೋಚರು ಕಳಿಸಿದ್ದಳಂತೆ. ಹುಬ್ಬಿಗೆ ಪೌಡರ್ ಹಚ್ಚಿಸಿಕೊಳ್ಳುತ್ತ, ನಿಮ್ಮಕ್ಕ ನಮ್ಮ ಎದುರು ಮನೆಯವರೇ ಅಂದರು. ದಾರದಕ್ಕ ದಾರವನ್ನು ಬಾಯಿಗೆ ಹಾಕಿಕೊಂಡಾಗಿತ್ತು. ಟೈಲರಮ್ಮ ಹೇಳುತ್ತಾ ಹೋದರು. ಮೊನ್ನೆ ಬೆಳಿಗ್ಗೆ ನಿಮ್ಮಕ್ಕ ಒಳ್ಳೆ ಬಟ್ಟೆ ಹಾಕ್ಕೊಂಡು, ಕೈಯಲ್ಲಿ ಬ್ಯಾಗ್ ಹಿಡ್ಕೊಂಡು, ಬೀಗ ಹಾಕ್ತಾ ಇದ್ದರು. ಎಲ್ಲಿಗೆ ಅಂದೆ. ತಂಗಿ ಮನೆಗೆ ಅಂದರು. ಹತ್ತು ದಿನ ಯೋಚನೆ ಮಾಡಿದೆ, ಇವತ್ತು ಹೊರಟೆ ಅಂದರು. ಅವರ ಮುಖ ಅಷ್ಟು ಚೆನ್ನಾಗಿದ್ದದ್ದನ್ನು ನಾನು ನೋಡೇ ಇರಲಿಲ್ಲ. ನಿಮ್ಮ ತಂಗಿ ಪಾರ್ಲರಿಂದ ನಂಗೊಂದು ವೋಚರು ಬಂದಿದೆ ನೋಡಿ ಅಂತ ಫೋನ್ ತೋರಿಸಿದೆ. ಎರಡು ಸಲ ಓದಿದರು. ಓ, ನಿಮಗೂ ಬಂತಾ ಅಂದರು. ಬೀಗ ತೆಗೆದು ಒಳಗೆ ಹೋದರು.

ದಾರದಕ್ಕ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲೂ ಇಲ್ಲ. ಟೈಲರಮ್ಮನ ಎರಡೂ ಹುಬ್ಬು ಸರಿಯಾಗಿ ಮುಗಿಸಿ ಕಳಿಸಿದಳು. ಆಮೇಲೆ ಬಾಗಿಲು ಹಾಕಿಕೊಂಡು, ಇಳಿಯುವ ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲಿ ತನ್ನ ಮುಖ ಕೆಳಗೆ ಇಳಿದು ಕಾಣದಾಗುವವರೆಗೂ ಅತ್ತಳು.

ಸಂಜೆಯೇ ಮಾದರಿ ತೆಗೆಸಿದಳು. ನಾದಿನಿ ಅತ್ತಿಗೆಯ ಮುಖ ನೋಡಿ ತಕ್ಷಣ ಗುಂಡಿ ಒತ್ತಿದಳು. ದಾರದಕ್ಕನ ಗಂಡ, ಲಿಫ್ಟ್ ರಿಪೇರಿಯವನು, ಫೋನ್ ಮಾಡಿ ಹೇಳಿದರೆ ಆಯ್ತಪ್ಪ ಅಂದ. ಅವನಿಗೆ ಎಲ್ಲವೂ ಒಂದು ಗುಂಡಿ ಒತ್ತಿದರೆ ಮೇಲೆ ಬರುತ್ತದೆ. ದಾರದಕ್ಕ ಫೋನೂ ಮಾಡಿದಳು. ಹತ್ತರಲ್ಲಿ ಒಂಬತ್ತು ಅಂಕಿ ಒತ್ತಿ ನಿಲ್ಲಿಸಿದಳು. ಏನು ಹೇಳುವುದು? ಇದ್ದದ್ದು ಒಂದೇ ಮಾತು, ಅದನ್ನು ಊರಿಗೆಲ್ಲ ಹಂಚಿ ಆಗಿತ್ತು. ಈಗ ತಪ್ಪು ನಂದೇ ಅಂದರೆ, ಹೊಸ ಆಫರ್ ಬಂದಿರಬೇಕು ಅಂದುಕೊಂಡಾಳು. ಖುದ್ದಾಗಿ ಹೋಗೋಣವೆಂದು ಎರಡು ಸಲ ಬಸ್ಸು ಹತ್ತಿದಳು. ಒಂದು ಸಲ ಏಳನೇ ಸ್ಟಾಪಿನವರೆಗೂ ಹೋದಳು.

ಹೀಗೇ ದಿನ ಕಳೆಯಿತು. ವೋಚರುಗಳು ಈಗ ‘ಶುಭಾಶಯಗಳು’ ಅಂತ ಹೋಗುತ್ತಿದ್ದವು, ವಾರಕ್ಕೆ ಎರಡೋ ಮೂರೋ.

ಒಂದು ಮಂಗಳವಾರ ಹನ್ನೊಂದು ಗಂಟೆಗೆ ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು ಜೋರಾಗಿತ್ತು, ಚಪ್ಪಲಿ ಸದ್ದು ಕೇಳಿಸಲೇ ಇಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಅಕ್ಕ. ಕೈಯಲ್ಲಿ ಫೋನು.

“ನಿಮ್ಮ ವೋಚರ್ ಒಂದಿತ್ತು,” ಅಂದಳು. “ಇವತ್ತು ಕೊನೇ ದಿನ. ಹಾಳಾಗಬಾರದು ಅಂತ ಬಂದೆ.”

ನಿಮ್ಮ. ಹೆಗಲ ಮೇಲೆ ಹೊತ್ತು ಬೆಳೆಸಿದ ಅಕ್ಕ ತಂಗಿಗೆ ನಿಮ್ಮ ಅಂದಳು. ಕಪಾಳಕ್ಕೆ ಎರಡು ಬಿಟ್ಟಿದ್ದರೆ ದಾರದಕ್ಕ ಸಂತೋಷವಾಗಿ ತಿನ್ನುತ್ತಿದ್ದಳು. ಊರಿನವರನ್ನೆಲ್ಲ ಅಕ್ಕಾ ಅಕ್ಕಾ ಅಂತ ಕರೆಯುವ ಬಾಯಿಗೆ ಈಗ ಆ ಪದವೇ ಬರಲಿಲ್ಲ. ನೆಟ್ಟಗಿರುವ ಕುರ್ಚಿಯನ್ನು ಒರೆಸಿ ತೋರಿಸಿದಳು. ಅಕ್ಕ ಕೂತಳು. ಫೋನ್ ಚಾಚಿ, ನೋಡ್ಕೊಳ್ಳಿ ಅಂದಳು.

ದಾರದಕ್ಕ ನೋಡಿದಳು. ಅದೇ ಸಾಲು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ವೋಚರ್ ಸಂಖ್ಯೆ. ಇಷ್ಟು ದಿನ ಅವಳಿಗೂ ಅದು ಹೊಳೆದಿರಲಿಲ್ಲ. ಫೋನನ್ನು ಅಕ್ಕನ ಕಡೆ ತಿರುಗಿಸಿ ಅದರ ಮೇಲೆ ಬೆರಳಿಟ್ಟಳು.

“ಇಲ್ಲಿ ಓದು. ಒಂದು. ಒಂದನೇ ನಂಬರು. ಊರಿಗೆ ಹೋಗಿದ್ದೆಲ್ಲ ಎರಡರಿಂದ ಆಚೆಗಿನದು. ನಾನು ಬರೆದಿದ್ದು ನಿನಗೆ. ಮಿಕ್ಕಿದ್ದು ಕಂಪ್ಯೂಟರ್ ಕಳಿಸಿದ್ದು.”

ಅಕ್ಕ ಕನ್ನಡಕ ತೆಗೆದು, ಸೆರಗಿಗೆ ಒರೆಸಿ, ಮತ್ತೆ ಹಾಕಿಕೊಂಡು ಓದಿದಳು. ಟೈಲರಮ್ಮನದು ಮೂವತ್ತೇಳು ಇತ್ತು ಅಂದಳು. ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಹೆಂಗಸು. ಆಮೇಲೆ ಕನ್ನಡಕ ತೆಗೆದು ಮಡಿಲಲ್ಲಿಟ್ಟು ತಲೆಯನ್ನು ಹಿಂದಕ್ಕೆ ಒರಗಿಸಿದಳು. ಏನು ಮಾಡಿಸ್ತೀಯ ಅಂತ ದಾರದಕ್ಕ ಕೇಳಬೇಕಾಗಿರಲಿಲ್ಲ. ಹದಿನಾರು ವರ್ಷದ ಕಣ್ಣು ಒಂದೇ ನೋಟಕ್ಕೆ ಹೇಳಿತು: ಈ ಹುಬ್ಬುಗಳಿಗೆ ಮೂರು ವರ್ಷದಿಂದ ಯಾರ ಕೈಯೂ ಸೋಕಿಲ್ಲ. ಎರಡೂ ಬೇಲಿಯ ಹಾಗೆ ಬೆಳೆದಿದ್ದವು. ಬೀದಿಗೊಂದು ಪಾರ್ಲರಿರುವ ಊರಲ್ಲಿ ಅಕ್ಕ ಬೇರೆ ಯಾರ ಹತ್ತಿರವೂ ಹೋಗಿರಲಿಲ್ಲ.

ಪೌಡರ್ ಹಚ್ಚಿದಳು. ದಾರ ಕಚ್ಚಿದಳು. ಅಕ್ಕ ತಾನಾಗೇ ಎರಡು ಬೆರಳಲ್ಲಿ ಚರ್ಮ ಬಿಗಿಹಿಡಿದಳು. ಬಲಗಡೆಯಿಂದ ಶುರು ಮಾಡಿದಳು. ಅಕ್ಕನ ಕಣ್ಣಿಂದ ನೀರು ಬರುತ್ತಿತ್ತು. ಈ ಕೆಲಸದಲ್ಲಿ ಎಲ್ಲರಿಗೂ ಬರುತ್ತದೆ, ಅದರಲ್ಲೇನೂ ವಿಶೇಷವಿಲ್ಲ. ದಾರದಕ್ಕನ ಕಣ್ಣಿಂದಲೂ ಬರುತ್ತಿತ್ತು.

ಎಡಗಡೆಗೆ ಬಂದಾಗ ಅವಳು ದಾರವನ್ನು ಬಾಯಿಂದ ತೆಗೆದಳು.

“ಅಕ್ಕಾ. ಅವತ್ತು ನೀನು ಅಲ್ಲಾಡಿರ್ಲಿಲ್ಲ.”

ಅಕ್ಕ ಕಣ್ಣು ಬಿಡಲಿಲ್ಲ, ಹಿಡಿದ ಬೆರಳು ಸಡಿಲಿಸಲೂ ಇಲ್ಲ.

“ನಂಗೆ ಗೊತ್ತಿಲ್ವೇನೇ,” ಅಂದಳು. “ದಾರ ಬಾಯಿಗೆ ಹಾಕ್ಕೋ. ಎಡಗಡೆ ಮಾಡು. ನಗಬೇಡ, ಅಷ್ಟೇ.”